ಗುಡ್ಡೆಯ ಮೇಲಿನ ನೀರಿನ ಟ್ಯಾಂಕ್: ಮೇಲಿನವರು, ಕೆಳಗಿನವರು ಮತ್ತು ನಾನು

ಮಂಗಳೂರಿನಂಥ ಊರಿನಲ್ಲಿ ನೀರಿನ ಟ್ಯಾಂಕ್ ಎಲ್ಲಿ ಬರಬೇಕು ಎಂಬುದು ಗುಡ್ಡೆಯ ಎತ್ತರ ನೋಡಿ ತೀರ್ಮಾನವಾಗುತ್ತದೆ. ತುಂಬೆಯ ಕಿಂಡಿ ಅಣೆಕಟ್ಟಿನಿಂದ ಎತ್ತಿದ ನೇತ್ರಾವತಿಯ ನೀರು ಶುದ್ಧವಾಗಿ, ಪಂಪಿನ ಬಲದಲ್ಲಿ ಎತ್ತರದ ಜಾಗ ಸೇರಿ, ಅಲ್ಲಿಂದ ತನ್ನಷ್ಟಕ್ಕೆ ಮನೆಮನೆಗೆ ಇಳಿಯಬೇಕು. ಹಿಂದೆ ಅಂಥ ಜಾಗ ಎಂದರೆ ಮುಳಿಹುಲ್ಲಿನ ಖಾಲಿ ಗುಡ್ಡೆ. ಈಗ ಅಲ್ಲೆಲ್ಲ ಮನೆಗಳು. ಟ್ಯಾಂಕಿನಿಂದ ನೀರು ಸಿಗುವುದು ಗುಡ್ಡೆಯ ಮೇಲಿನ ಸಾಲಿನವರಿಗೆ, ಅದರ ನೆರಳಲ್ಲಿ ಮಲಗಬೇಕಾದವರು ಕೆಳಗಿನ ಸಾಲಿನವರು. ನಮ್ಮ ಬಡಾವಣೆಯ ಜಗಳದ ಮೂಲ ಇಷ್ಟೇ.

ನಾನು ನೀರು ಸರಬರಾಜಿನ ಕಾಮಗಾರಿಗಳಲ್ಲಿ ಇಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ನನ್ನ ಮನೆ ಗುಡ್ಡೆಯ ನಡುಮಟ್ಟದಲ್ಲಿದೆ. 5 ಲಕ್ಷ ಲೀಟರಿನ ಓವರ್‌ಹೆಡ್ ಟ್ಯಾಂಕ್ ಮಂಜೂರಾಗಿ, ಗುತ್ತಿಗೆದಾರರ ಜನ ಸುಣ್ಣದ ಗೆರೆ ಎಳೆದು ಹೋದ ಮೇಲೆ ಕೆಳಗಿನ ಸಾಲಿನವರು ಅಡ್ಡ ನಿಂತರು. ಮೇಲಿನವರು ‘ಇವರು ನಮಗೆ ನೀರು ಕೊಡಲು ಬಿಡುವುದಿಲ್ಲ’ ಎಂದು ಸಿಟ್ಟಾದರು. ನಿವಾಸಿಗಳ ಸಂಘದವರು ಕರೆದ ಮೊದಲ ಸಭೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಸಂಘದ ಹಿರಿಯರು ನನ್ನ ಹತ್ತಿರ ಬಂದು, ‘ನಿಮ್ಗೆ ಈ ಕೆಲಸ ಗೊತ್ತುಂಟಲ್ಲ ಸರ್, ನೀವೊಮ್ಮೆ ನಡುವಿನಲ್ಲಿ ನಿಲ್ಲಿ’ ಎಂದರು. ನಿಂತೆ.

ಸಭೆ ಕರೆಯುವುದನ್ನು ಮೊದಲು ನಿಲ್ಲಿಸಿದೆ. ನೂರು ಜನರ ಎದುರು ಒಬ್ಬ ಮನುಷ್ಯ ತನ್ನ ಹೆದರಿಕೆ ಹೇಳುವುದಿಲ್ಲ, ಪಕ್ಷ ಹೇಳುತ್ತಾನೆ. ಮನೆಗೇ ಹೋಗಿ ಕೂತರೆ ಬೇರೆ ಮಾತು ಬರುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಮನೆಯ ಪ್ರಶ್ನೆಯನ್ನು ಅವರ ಬಾಯಿಯಲ್ಲಿ ಬಂದ ಹಾಗೆಯೇ ಬರೆದುಕೊಂಡೆ, ಇಂಜಿನಿಯರಿಂಗ್ ಭಾಷೆಗೆ ತಿರುಗಿಸಲಿಲ್ಲ. ಒಬ್ಬರಿಗೆ ಬಾವಿಯ ಕಟ್ಟೆ ಒಡೆಯುವ ಚಿಂತೆ. ಇನ್ನೊಬ್ಬರಿಗೆ ಲಾರಿ ಬಂದು ಕಂಪೌಂಡಿಗೆ ತಾಗುವ ಚಿಂತೆ. ಸೈಟಿನ ಮೂಲೆಗೆ ತಾಗಿಕೊಂಡ ನಾಗಬನ ಒಂದು ಕುಟುಂಬಕ್ಕೆ ಸೇರಿದ್ದು, ಅವರಿಗೆ ಅದರ ಹತ್ತಿರ ನೆಲ ಅಗೆಯುವುದೇ ಸರಿಯಿಲ್ಲ. ಸೈಟಿನ ಸರಿಯಾಗಿ ಕೆಳಗೆ ಮನೆ ಇರುವ ನಿವೃತ್ತ ಮಾಸ್ಟ್ರು ಮಾತ್ರ ಒಂದೇ ಪ್ರಶ್ನೆ ಕೇಳಿದರು: ‘ನೀರು ಬೇಡ ಅಂತ ನಾನು ಹೇಳ್ತಾ ಇಲ್ಲ ಸರ್. ರಾತ್ರಿ ಟ್ಯಾಂಕ್ ತುಂಬಿ ಸುರಿದ್ರೆ ಆ ನೀರು ಎಲ್ಲಿಗೆ ಹೋಗ್ತದೆ? ಅದನ್ನು ಹೇಳಿ, ಮತ್ತೆ ಮಾತಾಡುವ.’

ಇಡೀ ಜಗಳದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾರೂ ಕೇಳಲಿಲ್ಲ. ಅದಕ್ಕೆ ಉತ್ತರ ಹುಡುಕಲು ಕಾಗದಪತ್ರ ಬೇಕಿತ್ತು.

ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು ಎಂಬುದು ಹೆಚ್ಚಿನವರಿಗೆ ಗೊತ್ತು. ಅದೇ ಕಾಯ್ದೆಯಲ್ಲಿ ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಇದೆ. ಅರ್ಜಿಯಲ್ಲಿ ‘ಎಲ್ಲ ದಾಖಲೆ ಕೊಡಿ’ ಎಂದು ಬರೆಯಬಾರದು. ನಾನು ಕೇಳಿದ್ದು ಮಣ್ಣು ಪರೀಕ್ಷೆಯ ವರದಿ, ಅಡಿಪಾಯದ ನಕ್ಷೆ, ಪೈಪುಗಳ ನಕ್ಷೆ, ಅಂದಾಜುಪಟ್ಟಿ, ಮತ್ತು ಆ ಜಾಗವನ್ನು ಯಾವ ಉದ್ದೇಶಕ್ಕೆ ಕಾಯ್ದಿರಿಸಲಾಗಿದೆ ಎಂಬುದರ ಪ್ರತಿ. ಕೊನೆಯದು ಬೇಕಾದದ್ದು ಯಾಕೆಂದರೆ, ಉದ್ಯಾನ ಮತ್ತು ಆಟದ ಮೈದಾನಗಳನ್ನು ಕಾಪಾಡಲು ರಾಜ್ಯದಲ್ಲಿ 1985ರ ಕಾಯ್ದೆಯೊಂದು ಇದೆ. ಜಾಗ ಪಾರ್ಕಿನದ್ದಾಗಿದ್ದರೆ ಮಾತೇ ಬೇರೆಯಾಗುತ್ತಿತ್ತು. ನಮ್ಮದು ಹಾಗಿರಲಿಲ್ಲ, ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಪೈಪಿನ ನಕ್ಷೆ ಬಿಡಿಸಿ ನೋಡಿದಾಗ ಮಾಸ್ಟ್ರ ಪ್ರಶ್ನೆ ಎಷ್ಟು ಸರಿ ಎಂದು ಗೊತ್ತಾಯಿತು. ಟ್ಯಾಂಕಿಗೆ ಒಳಬರುವ ಪೈಪು, ಹೊರಹೋಗುವ ಪೈಪು ಬಿಟ್ಟರೆ ಇನ್ನೆರಡು ಪೈಪು ಇರುತ್ತವೆ. ಒಂದು ತುಂಬಿ ಹೆಚ್ಚಾದ ನೀರು ಹೋಗುವ ಓವರ್‌ಫ್ಲೋ, ಇನ್ನೊಂದು ಟ್ಯಾಂಕ್ ತೊಳೆಯುವಾಗ ತಳದ ಕೆಸರು ನೀರು ಬಿಡುವ ಸ್ಕೌರ್. ಈ ಎರಡೂ ಪೈಪಿನ ಗೆರೆ ಸೈಟಿನ ಗಡಿಯವರೆಗೆ ಬಂದು ಅಲ್ಲಿ ನಿಂತಿತ್ತು. ಗಡಿಯ ಆಚೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಮಾಸ್ಟ್ರ ಅಡುಗೆಮನೆ. ಅಂದಾಜುಪಟ್ಟಿಯಲ್ಲಿ ಚರಂಡಿಯ ಹೆಸರೇ ಇರಲಿಲ್ಲ.

ಬಯಲುಸೀಮೆಯಲ್ಲಾದರೆ ಇದು ಸಣ್ಣ ವಿಷಯ. ನಮ್ಮಲ್ಲಿ ಅಲ್ಲ. ಇಲ್ಲಿನ ಗುಡ್ಡೆಗಳಲ್ಲಿ ಮೇಲೆ ಗಟ್ಟಿ ಮುರಕಲ್ಲು (ಲ್ಯಾಟರೈಟ್), ಅದರ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಬಾವಿ ತೋಡಿಸಿದವರಿಗೆಲ್ಲ ಈ ಮಣ್ಣಿನ ಗುಣ ಗೊತ್ತು. ಒಣಗಿದಾಗ ಗುದ್ದಲಿಗೂ ಬಗ್ಗುವುದಿಲ್ಲ, ನೀರು ಕುಡಿದರೆ ಸಾಬೂನಿನ ಹಾಗೆ ಜಾರುತ್ತದೆ. ಸುರತ್ಕಲ್‌ನ ಇಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯವರು ಇದರ ಮೇಲೆ ಬಹಳ ಅಧ್ಯಯನ ಮಾಡಿದ್ದಾರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಿನಲ್ಲಿ, ಕಡಿದಾಗಿ ಕಡಿದ ಶೇಡಿ ಗೋಡೆಗಳು ಮಳೆಗಾಲದಲ್ಲಿ ಕುಸಿಯುವುದನ್ನು ನಾವೆಲ್ಲ ನೋಡಿದವರೇ. ಅಂಥ ಇಳಿಜಾರಿನ ತಲೆಯ ಮೇಲೆ 500 ಟನ್ ನೀರು ನಿಲ್ಲಿಸಿ, ಹೆಚ್ಚಾದ ನೀರನ್ನು ಅದೇ ಇಳಿಜಾರಿಗೆ ಬಿಡುವುದೆಂದರೆ ಕೆಳಗಿನವರ ಹೆದರಿಕೆಗೆ ಪೂರ್ತಿ ಅರ್ಥವಿದೆ.

ಮಣ್ಣು ಪರೀಕ್ಷೆಯ ವರದಿಯೂ ತೆಳ್ಳಗಿತ್ತು. ರಸ್ತೆ ಬದಿಯ ಮೂಲೆಯಲ್ಲಿ ಒಂದೇ ಕಡೆ ನೋಡಿದ್ದರು. ಅಲ್ಲಿ ಮುರಕಲ್ಲು ದಪ್ಪ, ಸಹಜವಾಗಿ ಫಲಿತಾಂಶ ಚೆನ್ನಾಗಿ ಬಂದಿತ್ತು. ಇಳಿಜಾರಿನ ಅಂಚಿನಲ್ಲಿ ಬೋರ್‌ಹೋಲ್ (ಮಣ್ಣು ಪರೀಕ್ಷಿಸಲು ಕೊರೆಯುವ ಆಳದ ತೂತು) ಹಾಕದೆ ಅಡಿಪಾಯ ತೋಡಬಾರದು ಎಂದು ಲಿಖಿತವಾಗಿ ಕೊಟ್ಟೆ, ಕೆಳಗಿನ ಸಾಲಿನ ಎಲ್ಲರ ಸಹಿಯೊಂದಿಗೆ. ಕಚೇರಿಯಲ್ಲಿ ಮೊದಲು ‘ಆಗ್ಲೇ ಆಗಿದೆಯಲ್ಲ’ ಎಂದರು. ಆದರೆ ಬರಹದಲ್ಲಿ ಕೇಳಿದ್ದಕ್ಕೆ ಬರಹದಲ್ಲೇ ‘ಬೇಡ’ ಎನ್ನಲು ಯಾವ ಇಂಜಿನಿಯರೂ ಧೈರ್ಯ ಮಾಡುವುದಿಲ್ಲ. ನಾನು ಆ ಕುರ್ಚಿಯಲ್ಲಿ ಕೂತವನು, ಅದು ನನಗೆ ಗೊತ್ತು. ಯಂತ್ರ ಬಂತು.

ಬೋರ್‌ಹೋಲಿನ ದಿನ ಎರಡೂ ಸಾಲಿನವರನ್ನು ಕರೆದೆ. 63.5 ಕಿಲೋ ತೂಕದ ಸುತ್ತಿಗೆ 75 ಸೆಂಟಿಮೀಟರ್ ಎತ್ತರದಿಂದ ಬೀಳುತ್ತದೆ, ಕೊಳವೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕೋ ಅದೇ ಮಣ್ಣಿನ ಗಟ್ಟಿತನದ ಲೆಕ್ಕ ಎಂದು ವಿವರಿಸಿದೆ. ಪೆಟ್ಟುಗಳನ್ನು ಎಣಿಸಲು ಯಾರ ಸಹಾಯವೂ ಬೇಕಿಲ್ಲ. ಮುರಕಲ್ಲಿನಲ್ಲಿ ಕೊಳವೆ ಇಳಿಯಲೇ ಕೇಳಲಿಲ್ಲ. ಅಂಚಿನ ಕಡೆ ಕಲ್ಲಿನ ಪದರ ಬೇಗ ಮುಗಿದು ಶೇಡಿ ಸಿಕ್ಕಿತು, ಪೆಟ್ಟುಗಳ ಸಂಖ್ಯೆ ಒಮ್ಮೆಲೇ ಇಳಿಯಿತು. ಮೇಲಿನ ಸಾಲಿನ ಯುವಕನೊಬ್ಬ, ಅಲ್ಲಿವರೆಗೆ ಕೆಳಗಿನವರನ್ನು ಬಾಯಿಗೆ ಬಂದ ಹಾಗೆ ಅಂದವನು, ‘ಓ, ಹೀಗಾ ವಿಷಯ’ ಎಂದು ಮಾಸ್ಟ್ರ ಪಕ್ಕ ಹೋಗಿ ನಿಂತ. ನೂರು ಭಾಷಣದಿಂದ ಇದು ಆಗುತ್ತಿರಲಿಲ್ಲ.

ಇದರ ಇನ್ನೊಂದು ಮಗ್ಗುಲೂ ಬೇಕಿತ್ತು. ‘ಟ್ಯಾಂಕನ್ನು ನೆಲದ ಮೇಲೆಯೇ ಕಟ್ಟಿ, ಅಷ್ಟೆತ್ತರ ಯಾಕೆ’ ಎಂದು ಕೆಳಗಿನವರು ಕೇಳುತ್ತಿದ್ದರು. ಅದಕ್ಕೆ ಪ್ರೆಶರ್ ಗೇಜ್ ತೆಗೆದುಕೊಂಡು ಅವರನ್ನು ನೀರು ಬಿಡುವ ಹೊತ್ತಿಗೆ ಮೇಲೆ ಕರೆದುಕೊಂಡು ಹೋದೆ. ಹತ್ತು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತಡ ಕೊಡುತ್ತದೆ. ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿಯ ಪ್ರಕಾರ ಒಂದಂತಸ್ತಿನ ಮನೆಗೆ ಕನಿಷ್ಠ 7 ಮೀಟರ್, ಎರಡಂತಸ್ತಿಗೆ 12 ಮೀಟರ್ ಎತ್ತರದ ನೀರಿನಷ್ಟು ಒತ್ತಡ, ಮನೆಗೆ ಪೈಪು ಕವಲೊಡೆಯುವಲ್ಲಿ ಇರಬೇಕಿತ್ತು. ಕೆಳಗಿನ ಮನೆಗಳಲ್ಲಿ ಮುಳ್ಳು ಒಂದು ಕಿಲೋ ದಾಟಿತ್ತು. ಮೇಲಿನ ಮನೆಯ ನಳ್ಳಿಯಲ್ಲಿ ಮುಳ್ಳು ಏಳಲೇ ಇಲ್ಲ. ಆ ಮನೆಯ ಅಕ್ಕ ನಸುಕಿಗೆ ಎದ್ದು, ಅಂಗಳದ ಗುಂಡಿಯಲ್ಲಿ ಇಳಿಸಿದ ನಳ್ಳಿಯಿಂದ ಕೊಡಪಾನಕ್ಕೆ ನೀರು ಹಿಡಿಯುತ್ತಿದ್ದರು. ತುಂಬೆಯಲ್ಲಿ ನೀರು ಇಳಿದು ರೇಷನಿಂಗ್ ಶುರುವಾದರೆ ಅದೂ ಇಲ್ಲ, ಟ್ಯಾಂಕರಿಗೆ ಕಾಯಬೇಕು. ಆಮೇಲೆ ಕೆಳಗಿನ ಸಾಲಿನವರು ಎತ್ತರ ಯಾಕೆ ಎಂದು ಕೇಳಲಿಲ್ಲ. ತಲಾ 135 ಲೀಟರ್ ಲೆಕ್ಕ ಹಿಡಿದು, ದಿನಕ್ಕೆ ಎರಡು ಸಲ ತುಂಬಿದರೆ ಈ ಟ್ಯಾಂಕು 7,400 ಜನರಿಗೆ ಆಗುತ್ತದೆ ಎಂದು ಹೇಳಿದಾಗ ಮಾಸ್ಟ್ರು ಆ ಅಂಕಿಯನ್ನು ತಾವೇ ಬರೆದುಕೊಂಡರು.

ನಾಗಬನದ ವಿಷಯದಲ್ಲಿ ಲೆಕ್ಕ, ನಕ್ಷೆ ಯಾವುದನ್ನೂ ಹಿಡಿದುಕೊಂಡು ಹೋಗಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಕುಟುಂಬದ ಹಿರಿಯರ ಮನೆಯಲ್ಲಿ ಕೂತು, ಎಲ್ಲಿಯವರೆಗೆ ನೆಲ ಮುಟ್ಟಬಾರದು ಎಂದು ಅವರಿಂದಲೇ ಕೇಳಿ, ಅವರು ತೋರಿಸಿದಲ್ಲಿ ಗೂಟ ಹೊಡೆಸಿದೆ. ಬನದ ಮರದ ಕೊಂಬೆಯನ್ನೂ ಕಡಿಯಬಾರದು ಎಂದು ಒಪ್ಪಂದವಾಯಿತು. ಸೈಟಿನೊಳಗಿನ ಬೇರೆ ಮರಗಳನ್ನು ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕಿತ್ತು, ಅದನ್ನು ಟ್ಯಾಂಕ್ ಕಟ್ಟಿಸುವವರು ತೆಗೆದುಕೊಂಡರು. ನಾಗರಪಂಚಮಿ ಮಳೆಗಾಲದಲ್ಲೇ ಬರುವುದರಿಂದ ಆಗ ಹೇಗೂ ಕೆಲಸ ಇರುವುದಿಲ್ಲ.

ಹೊಸ ವರದಿ ಬಂದ ಮೇಲೆ ವಿನ್ಯಾಸ ಮಾಡಿದವರು ಟ್ಯಾಂಕನ್ನು ಅಂಚಿನಿಂದ ಒಳಗೆ, ರಸ್ತೆಯ ಕಡೆಗೆ ಸರಿಸಿದರು. ಇಳಿಜಾರಿಗೆ ತಡೆಗೋಡೆ, ಅದರಲ್ಲಿ ಹಿಂದಿನ ನೀರು ಒಸರಿ ಹೋಗಲು ತೂತುಗಳು. ಓವರ್‌ಫ್ಲೋ ಮತ್ತು ಸ್ಕೌರ್ ಪೈಪುಗಳನ್ನು ಒಂದು ಚೇಂಬರಿಗೆ ಇಳಿಸಿ, ಅಲ್ಲಿಂದ ರಸ್ತೆ ಬದಿಯ ಕಾಂಕ್ರೀಟ್ ಚರಂಡಿಯಲ್ಲಿ ಕೆಳಗಿನ ತೋಡಿನವರೆಗೆ (ಸಣ್ಣ ಹಳ್ಳ) ಒಯ್ಯುವುದು. ನೀರು ತುಂಬಿದ ಕೂಡಲೇ ಪಂಪು ತಾನಾಗಿ ನಿಲ್ಲುವ ಲೆವೆಲ್ ಸೆನ್ಸರ್. ಇವೆಲ್ಲ ಹೊಸ ಅಂದಾಜುಪಟ್ಟಿಯಲ್ಲಿ ಬರಹದಲ್ಲಿ ಬಂದ ಮೇಲೆಯೇ ಮಾಸ್ಟ್ರು ‘ಈಗ ಸರಿ’ ಎಂದದ್ದು.

ಅಷ್ಟರಲ್ಲಿ ಬೇಸಿಗೆ ಅರ್ಧ ಕಳೆದಿತ್ತು. ಗುತ್ತಿಗೆದಾರರು ನಾಳೆಯೇ ಅಗೆಯುತ್ತೇವೆ ಎಂದರು. ನಾನು ಬೇಡ ಎಂದೆ. ಅಡಿಪಾಯದ ಗುಂಡಿ ತೋಡಿ, ಕಾಂಕ್ರೀಟ್ ಮುಗಿದು ಮಣ್ಣು ತುಂಬುವ ಮೊದಲೇ ಮಳೆ ಹಿಡಿದರೆ, ಆ ಗುಂಡಿ ಕೆರೆಯಾಗುತ್ತದೆ, ಅಡಿಯ ಶೇಡಿ ನೆನೆಯುತ್ತದೆ, ಕಡಿದ ಬದಿ ಕುಸಿಯುತ್ತದೆ. ತಡೆಗೋಡೆಯನ್ನು ಮಾತ್ರ ಈ ಬೇಸಿಗೆಯಲ್ಲಿ ಮುಗಿಸಿ, ಟ್ಯಾಂಕಿನ ಅಡಿಪಾಯವನ್ನು ಮಳೆ ಬಿಟ್ಟ ಮೇಲೆ ತೆಗೆಯಿರಿ ಎಂದು ಹೇಳಿದೆ.

ಈ ಮಾತು ಮೇಲಿನ ಸಾಲಿನವರಿಗೆ ಬಹಳ ನೋವು ಮಾಡಿತು. ಕೊಡಪಾನ ಹಿಡಿಯುತ್ತಿದ್ದ ಅದೇ ಅಕ್ಕ ನನ್ನ ಮನೆಗೆ ಬಂದರು. ‘ನಾಳೆ ನಾಳೆ ಅಂತ ಎಷ್ಟು ಬೇಸಿಗೆ ಆಯ್ತು ಅಣ್ಣ? ನಿಮ್ಮ ಮನೆಯಲ್ಲಿ ಬಾವಿ ಉಂಟು. ನಮ್ಗೆ ಎಂತ ಉಂಟು?’ ನನ್ನ ಬಳಿ ಉತ್ತರ ಇರಲಿಲ್ಲ. ನಿಲುವು ಬದಲಿಸಲಿಲ್ಲ, ಈಗಲೂ ಬದಲಿಸುವುದಿಲ್ಲ. ಆದರೆ ಒಂದು ಬೇಸಿಗೆ ಕಾಯಿರಿ ಎಂದು ಹೇಳುವವನು ಆ ಬೇಸಿಗೆಗೆ ದಾರಿಯನ್ನೂ ಹುಡುಕಬೇಕು. ಕೆಳಗಿನ ಸಾಲಿನಲ್ಲಿ ಏಪ್ರಿಲ್, ಮೇಯಲ್ಲೂ ಬತ್ತದ ಬಾವಿಗಳಿದ್ದವು. ಮಾಸ್ಟ್ರು ಮತ್ತು ಪಕ್ಕದ ಮನೆಯ ಬಾಯಮ್ಮ ತಮ್ಮ ಬಾವಿಯಿಂದ ಪಂಪು ಇಟ್ಟು, ಮೇಲೆ ರಸ್ತೆಯಂಚಿನಲ್ಲಿಟ್ಟ ಪ್ಲಾಸ್ಟಿಕ್ ಟ್ಯಾಂಕಿಗೆ ಬೆಳಗ್ಗೆ ನೀರು ಏರಿಸಲು ಒಪ್ಪಿದರು. ಕರೆಂಟಿನ ಖರ್ಚು ಸಂಘದ್ದು. ಕುಡಿಯಲು ಸಾಲುತ್ತಿತ್ತು, ಬಟ್ಟೆ ಒಗೆಯಲು ಸಾಲುತ್ತಿರಲಿಲ್ಲ. ಎರಡು ಸಾಲಿನವರು ಮತ್ತೆ ಮಾತಾಡಲು ಶುರು ಮಾಡಿದ್ದು ಆ ಪ್ಲಾಸ್ಟಿಕ್ ಟ್ಯಾಂಕಿನ ಹತ್ತಿರವೇ.

ಮಳೆ ಬಿಟ್ಟು ಅಗೆತ ಶುರುವಾಗುವ ಮುಂಚೆ ಕೆಳಗಿನ ಪ್ರತಿ ಮನೆಯ ಗೋಡೆ, ಕಂಪೌಂಡು, ಬಾವಿಕಟ್ಟೆಯ ಬಿರುಕುಗಳ ಫೋಟೋ ತೆಗೆಸಿದೆವು. ಬಿರುಕಿನ ಪಕ್ಕ ಸ್ಕೇಲ್ ಇಟ್ಟು, ದಿನಾಂಕ ಬರೆದು, ಮನೆಯವರು ಮತ್ತು ಗುತ್ತಿಗೆದಾರರು ಇಬ್ಬರೂ ಸಹಿ ಹಾಕುವುದು. ದೊಡ್ಡ ಬಿರುಕುಗಳ ಮೇಲೆ ಗಾಜಿನ ಪಟ್ಟಿಯನ್ನು ಸಿಮೆಂಟಿನಿಂದ ಅಂಟಿಸಿದರೆ, ಗೋಡೆ ಅಲುಗಿದಾಗ ಗಾಜು ಒಡೆಯುತ್ತದೆ. ವಾದಕ್ಕೆ ಎಡೆಯಿಲ್ಲ. ಒಂದು ಕಂಪೌಂಡಿನಲ್ಲಿ ಗಾಜು ಒಡೆಯಿತು, ಫೋಟೋ ಇದ್ದುದರಿಂದ ಗುತ್ತಿಗೆದಾರರೇ ಆ ಭಾಗ ಬಿಚ್ಚಿ ಕಟ್ಟಿಕೊಟ್ಟರು.

ಟ್ಯಾಂಕ್ ಎದ್ದ ಮೇಲೆ ನೀರು ಸೋರುವ ಪರೀಕ್ಷೆಯನ್ನು ಗಡಿಬಿಡಿಯಲ್ಲಿ ಮುಗಿಸಲು ಬಿಡಬಾರದು. ಭಾರತೀಯ ಮಾನಕ 3370ರ ಪ್ರಕಾರ ತುಂಬಿಸಿದ ಮೇಲೆ ಏಳು ದಿನ ಕಾಂಕ್ರೀಟ್ ನೀರು ಹೀರಲು ಬಿಟ್ಟು, ನಂತರ ಇನ್ನೂ ಏಳು ದಿನ ಹೊರಮೈ ನೋಡಬೇಕು. ಎಲ್ಲೂ ಒದ್ದೆ ಕಲೆ ಕಾಣಬಾರದು. ಬಣ್ಣ ಹಚ್ಚುವುದು ಅದಾದ ಮೇಲೆಯೇ, ಬಣ್ಣದ ಅಡಿ ಒದ್ದೆ ಕಾಣುವುದಿಲ್ಲ. ನಮ್ಮ ಟ್ಯಾಂಕಿನ ತಳದ ತೊಲೆಯ ಹತ್ತಿರ ಒಂದು ಕಡೆ ಒಸರಿತು. ಖಾಲಿ ಮಾಡಿ, ಸಂದಿಗೆ ಗ್ರೌಟ್ ತುಂಬಿ ಮುಚ್ಚಿ, ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿಸಿದರು. ಆ ದಿನಗಳಲ್ಲಿ ಬೆಳಗ್ಗೆ ವಾಕಿಂಗ್ ಹೋಗುವವರೆಲ್ಲ ಕತ್ತೆತ್ತಿ ನೋಡಿ, ಒಣಗಿದೆಯೋ ಇಲ್ಲವೋ ಎಂದು ನನಗೆ ಫೋನ್ ಮಾಡುತ್ತಿದ್ದರು.

ಮೇಲಿನ ನಳ್ಳಿಗಳಲ್ಲಿ ಈಗ ಗೇಜಿನ ಮುಳ್ಳು ಏಳುತ್ತದೆ. ಬಗೆಹರಿಯದೆ ಉಳಿದದ್ದು ಚರಂಡಿ. ರಸ್ತೆ ಬದಿಯ ಆ ಚರಂಡಿಗೆ ತೆಂಗಿನಗರಿ, ಪ್ಲಾಸ್ಟಿಕ್ ಬಿದ್ದು ತೋಡಿನ ಬಾಯಿ ಕಟ್ಟಿಕೊಳ್ಳುತ್ತದೆ. ಜೂನ್ ಮೊದಲು ಅದನ್ನು ಬಿಡಿಸುವುದು ಯಾರ ಕೆಲಸ ಎಂಬುದು ಯಾವ ಕಾಗದದಲ್ಲೂ ಇಲ್ಲ. ಸದ್ಯಕ್ಕೆ ಎರಡೂ ಸಾಲಿನಿಂದ ಹಣ ಎತ್ತಿ ಆಳು ಹಿಡಿದು ಮಾಡಿಸುತ್ತೇವೆ. ಅದನ್ನು ಟ್ಯಾಂಕಿನ ನಿರ್ವಹಣೆಯ ಗುತ್ತಿಗೆಯಲ್ಲೇ ಸೇರಿಸಬೇಕು ಎಂದು ಮಾಸ್ಟ್ರೂ ಮೇಲಿನ ಮನೆಯ ಅಕ್ಕನೂ ಜೊತೆಯಾಗಿ ಸಹಿ ಹಾಕಿದ ಅರ್ಜಿ ಕಚೇರಿಯಲ್ಲಿದೆ. ಈ ಮಳೆಗಾಲದ ಒಳಗೆ ಉತ್ತರ ಬರದಿದ್ದರೆ ಮತ್ತೆ ಹೋಗಿ ಕೂರುತ್ತೇವೆ.