ಬೈಪ್ಯಾಪ್ ಹಾಕಿದವರ ಪಕ್ಕ ಕೂರುವವರಿಗೆ

ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಚಳಿ ಬಿತ್ತು ಅಂದರೆ ನಮ್ಮ ವಾರ್ಡಿಗೆ ದಮ್ಮಿನವರು ಜಾಸ್ತಿ. ಬೀಡಿ ಸೇದಿದವರು ಬರುತ್ತಾರೆ, ಸರಿ. ಆದರೆ ಜನ್ಮದಲ್ಲಿ ಬೀಡಿ ಮುಟ್ಟದ ಅಜ್ಜಿಯರೂ ಬರುತ್ತಾರೆ, ಕಟ್ಟಿಗೆ ಒಲೆಯ ಹೊಗೆಯಲ್ಲಿ ಕೂತು ಮನೆಮಂದಿಗೆಲ್ಲ ರೊಟ್ಟಿ ಬಡಿದವರು. ಕಾಯಿಲೆ ಇಬ್ಬರಿಗೂ ಅದೇ, ಸಿಒಪಿಡಿ. ಉಸಿರಿನ ಕೊಳವೆ ಕಿರಿದಾಗಿ ಒಳಗೆ ಹೋದ ಗಾಳಿ ಪೂರ್ತಿ ಹೊರಗೆ ಬರುವುದಿಲ್ಲ, ಕಾರ್ಬನ್ ಡೈಆಕ್ಸೈಡ್ ರಕ್ತದಲ್ಲೇ ಉಳಿಯುತ್ತದೆ. ಎಬಿಜಿ (ಅಪಧಮನಿಯ ರಕ್ತದಲ್ಲಿ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ನೋಡುವ ಪರೀಕ್ಷೆ) ರಿಪೋರ್ಟಿನಲ್ಲಿ ರಕ್ತದ ಆಮ್ಲತೆ ಹೇಳುವ ಪಿಎಚ್ 7.35ಕ್ಕಿಂತ ಕೆಳಗಿಳಿದು ಕಾರ್ಬನ್ ಡೈಆಕ್ಸೈಡ್ 45 ಎಂಎಂಎಚ್‌ಜಿ ದಾಟಿದ್ದರೆ ಸಾಮಾನ್ಯವಾಗಿ ಬೈಪ್ಯಾಪ್, ಅಂದರೆ ಉಸಿರಾಟಕ್ಕೆ ನೆರವಾಗುವ ಮೆಷಿನ್, ಹಾಕುವ ಮಾತು ಬರುತ್ತದೆ. ಗಂಟಲಿಗೆ ಪೈಪ್ ಇಳಿಸುವುದಿಲ್ಲ. ಮಾಸ್ಕ್ ಮೂಲಕ ಉಸಿರು ಎಳೆಯುವಾಗ ಜಾಸ್ತಿ ಒತ್ತಡ, ಬಿಡುವಾಗ ಕಡಿಮೆ ಒತ್ತಡ, ಅಷ್ಟೇ.

ಒತ್ತಡ ಎಷ್ಟಿರಬೇಕು ಅನ್ನುವುದು ಡಾಕ್ಟರ್ ಕೆಲಸ. ಆದರೆ ಮಾಸ್ಕ್ ಮುಖದ ಮೇಲೆ ನಿಲ್ಲದಿದ್ದರೆ ಎಂಥ ಮೆಷಿನ್ ಇದ್ದರೂ ದಂಡ. ಅದನ್ನು ನಿಲ್ಲಿಸುವುದು ಪಕ್ಕದಲ್ಲಿರುವವರ ಕೆಲಸ, ನರ್ಸ್ ಇರಲಿ, ಮಗಳಿರಲಿ.

ಮೊದಲ ಹತ್ತು ನಿಮಿಷ ಬಹಳ ಮುಖ್ಯ. ಉಸಿರು ಸಿಗದೆ ಒದ್ದಾಡುತ್ತಿರುವವರ ಮೂಗು ಬಾಯಿ ಮುಚ್ಚಿ ಜೋರಾಗಿ ಗಾಳಿ ಬಿಟ್ಟರೆ ಯಾರಿಗಾದರೂ ಜೀವ ಹೋದಂತಾಗುತ್ತದೆ, ಅಲ್ವಾ? ಬ್ಯಾಡಗಿ ಕಡೆಯ ಒಬ್ಬ ಅಜ್ಜಿ ಮೂರು ಸಲ ಮಾಸ್ಕ್ ಕಿತ್ತೆಸೆದರು. "ಸಿಸ್ಟರ್, ಉಸಿರು ಕಟ್ಟತೈತಿ, ನನ್ನ ಕೊಲ್ಲಾಕತ್ತೀರೇನು?" ಅಂತ ಸಿಟ್ಟು. ನಾಲ್ಕನೇ ಸಲ ನಾನು ಪಟ್ಟಿ ಬಿಗಿಯಲೇ ಇಲ್ಲ. ಮೊದಲು ಮಾಸ್ಕನ್ನು ಅವರ ಅಂಗೈ ಮೇಲಿಟ್ಟು ಗಾಳಿ ತೋರಿಸಿದೆ, ಆಮೇಲೆ ಅವರ ಕೈಯಲ್ಲೇ ಮುಖಕ್ಕೆ ಹಿಡಿಸಿ, ಮೇಲೆ ನನ್ನ ಕೈ ಇಟ್ಟೆ. "ಅವ್ವಾರ, ಬ್ಯಾಡ ಅನ್ನಿಸಿದ್ರ ನೀವ ತಗೀರಿ, ನಾ ಇಲ್ಲೇ ಇದೀನಿ" ಅಂದೆ. ತೆಗೆಯಬಹುದು ಅಂತ ಗೊತ್ತಾದ ಮೇಲೆ ತೆಗೆಯುವ ಆತುರ ಹೋಯಿತು. ಉಸಿರು ಮೆಷಿನ್ ಜೊತೆ ಹೊಂದಿಕೊಂಡ ಮೇಲೆ ಪಟ್ಟಿ ಕಟ್ಟಿದೆ. ಡಾಕ್ಟರಿಗೆ ಕೇಳಿದರೆ ಶುರುವಿನಲ್ಲಿ ಒತ್ತಡ ಕಡಿಮೆ ಇಟ್ಟು ನಿಧಾನಕ್ಕೆ ಏರಿಸುತ್ತಾರೆ. ಒಂದು ಮಾತು ಮಾತ್ರ ನೆನಪಿಡಿ: ಕಿತ್ತೆಸೆಯುತ್ತಾರೆ ಅಂತ ಕೈ ಕಟ್ಟಬೇಡಿ. ವಾಂತಿ ಬಂದಾಗ ಮಾಸ್ಕ್ ತೆಗೆಯಲು ಆಗದೆ ಅದೇ ವಾಂತಿ ಪುಪ್ಪುಸಕ್ಕೆ ಹೋದರೆ ಮುಗಿಯಿತು.

ಪಟ್ಟಿ ಎಷ್ಟು ಬಿಗಿ? ಕೆಳಗೆ ಎರಡು ಬೆರಳು ತೂರಬೇಕು. ಸ್ವಲ್ಪ ಗಾಳಿ ಸೋರಿದರೆ ಪರವಾಗಿಲ್ಲ, ಆದರೆ ಮೇಲಿಂದ ಸೋರಿ ಕಣ್ಣಿಗೆ ಹೊಡೆಯುತ್ತಿದ್ದರೆ ಬಿಡಬೇಡಿ, ಬೆಳಗಾಗುವಷ್ಟರಲ್ಲಿ ಕಣ್ಣು ಕೆಂಡವಾಗಿರುತ್ತದೆ. ಮಾಸ್ಕ್ ಮೇಲೆ ಅಥವಾ ಪೈಪ್ ಹತ್ತಿರ ಸಣ್ಣ ತೂತುಗಳಿರುತ್ತವೆ, ಅಲ್ಲಿಂದ ಗಾಳಿ ಬರಲೇಬೇಕು, ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದು. ಸೋರುತ್ತಿದೆ ಅಂತ ಅದಕ್ಕೆ ಪ್ಲಾಸ್ಟರ್ ಅಂಟಿಸಿದ ಪುಣ್ಯಾತ್ಮರನ್ನೂ ನೋಡಿದ್ದೇನೆ.

ನಮ್ಮ ಕಡೆ ಇನ್ನೊಂದು ತೊಂದರೆ, ಮೂಗುಬಟ್ಟು. ಮದುವೆಯಾದಾಗಿನಿಂದ ತೆಗೆದಿರುವುದಿಲ್ಲ, ತೆಗೆಯಿರಿ ಅಂದರೆ ಅಪಶಕುನ ಅನ್ನುತ್ತಾರೆ. ಮಾಸ್ಕ್ ಅದರ ಮೇಲೆ ಒತ್ತಿದರೆ ಗಾಳಿಯೂ ಸೋರುತ್ತದೆ, ಒಂದೇ ರಾತ್ರಿಯಲ್ಲಿ ಗಾಯವೂ ಆಗುತ್ತದೆ. ನಾನು ಜಗಳ ಮಾಡುವುದಿಲ್ಲ. ತೆಗೆಸಿ ಮಗಳ ಕೈಯಲ್ಲಿ ಅರಿಶಿನದ ದಾರಕ್ಕೆ ಪೋಣಿಸಿ ಕೊರಳಿಗೆ ಕಟ್ಟಿಸುತ್ತೇನೆ, ಮೈಮೇಲೆಯೇ ಇದ್ದಂತಾಯಿತು. ಮುಖಕ್ಕೆ ಎಣ್ಣೆ, ವ್ಯಾಸಲೀನ್ ಹಚ್ಚಬೇಡಿ, ಮಾಸ್ಕ್ ಜಾರುತ್ತದೆ, ಆಕ್ಸಿಜನ್ ಹತ್ತಿರ ಅವು ಒಳ್ಳೆಯದೂ ಅಲ್ಲ. ಹಲ್ಲಿನ ಸೆಟ್ ಗಟ್ಟಿಯಾಗಿ ಕೂತಿದ್ದರೆ ಇರಲಿ, ಕೆನ್ನೆ ಒಳಗೆ ಹೋಗುವುದಿಲ್ಲ. ಸಡಿಲ ಇದ್ದರೆ ತೆಗೆದಿಡಿ. ಮಾಸ್ಕ್ ತೆಗೆದಾಗಲೆಲ್ಲ ಮೂಗಿನ ಮೇಲಿನ ಎಲುಬಿನ ಜಾಗ ನೋಡಿ. ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ಬಿಡಿ, ಒತ್ತಿದಾಗ ಬಿಳುಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಗಾಯ ಶುರುವಾಗಿದೆ ಅಂತಲೇ ಅರ್ಥ. ಕೂಡಲೇ ಪಟ್ಟಿ ಸಡಿಲಿಸಿ, ಹೈಡ್ರೋಕೊಲಾಯ್ಡ್ ಡ್ರೆಸ್ಸಿಂಗ್ (ಚರ್ಮ ಕಾಯುವ ಮೆತ್ತನೆ ಅಂಟುಪಟ್ಟಿ) ಹಾಕಿಸಿ. ಚರ್ಮ ಕಿತ್ತ ಮೇಲೆ ಹಾಕುವುದಕ್ಕಿಂತ ಮೊದಲ ದಿನವೇ ಹಾಕುವುದು ಜಾಣತನ.

ಇನ್ನು ಆಕ್ಸಿಜನ್. ಇಲ್ಲಿ ಮನೆಯವರ ಪ್ರೀತಿಯೇ ಅಪಾಯ. ಸಿಒಪಿಡಿ ಇರುವವರಿಗೆ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ಶೇಕಡಾ 88ರಿಂದ 92 ಇದ್ದರೆ ಸಾಕು. 98 ಆಗಲಿ ಅಂತ ಆಸೆ ಪಡಬೇಡಿ, ಅತಿಯಾದ ಆಕ್ಸಿಜನ್ ಕೊಟ್ಟರೆ ಇವರಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಒಂದು ರಾತ್ರಿ ಅಜ್ಜನ ಬೆರಳಿನ ಮೀಟರ್ 89 ತೋರಿಸುತ್ತಿತ್ತು. ಮಗ ಗಾಬರಿಯಾಗಿ ಯಾರಿಗೂ ಹೇಳದೆ ಆಕ್ಸಿಜನ್ ತಿರುವನ್ನು 2 ಲೀಟರಿನಿಂದ 6ಕ್ಕೆ ತಿರುಗಿಸಿದ್ದ. ನಾನು ಬಂದಾಗ ಮೀಟರಿನಲ್ಲಿ 99, ಅವನ ಮುಖದಲ್ಲಿ ಸಮಾಧಾನ. "ಈಗ ಚಲೋ ನಿದ್ದಿ ಹತ್ತೇತ್ರಿ" ಅಂದ. ಅದು ನಿದ್ದೆಯಲ್ಲ. ಭುಜ ಅಲುಗಾಡಿಸಿದರೂ ಅಜ್ಜ ಕಣ್ಣು ಬಿಡಲಿಲ್ಲ. ಡಾಕ್ಟರ್ ಓಡಿ ಬಂದರು, ಆಕ್ಸಿಜನ್ ಇಳಿಸಿ ಒತ್ತಡ ಬದಲಿಸಿದರು, ಬೆಳಗಿನ ಹೊತ್ತಿಗೆ ಅಜ್ಜ ಚಹಾ ಕೇಳಿದರು. ಎಲ್ಲರಿಗೂ ಹೀಗೆ ತಿರುಗಿ ಬರುವ ಅದೃಷ್ಟ ಇರುವುದಿಲ್ಲ.

ಅದಕ್ಕೇ ಮೀಟರ್ ಒಂದನ್ನೇ ನೋಡುತ್ತಾ ಕೂರಬೇಡಿ, ಮನುಷ್ಯರನ್ನು ನೋಡಿ. ಹೆಸರು ಹಿಡಿದು ಕರೆದರೆ ಓಗೊಡುತ್ತಾರಾ? ಮಾತು ತೊದಲುತ್ತಿದೆಯಾ? ಎದೆಯ ಏರಿಳಿತ ಪೂರ್ತಿ ಒಂದು ನಿಮಿಷ ಎಣಿಸಿ, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಚಾಳಿ ಬೇಡ. ಬೈಪ್ಯಾಪ್ ಹಿಡಿಸುತ್ತಿದ್ದರೆ ಉಸಿರಿನ ಎಣಿಕೆ ಇಳಿಯುತ್ತದೆ, ಕುತ್ತಿಗೆಯ ಸ್ನಾಯು ಎಳೆಯುವುದು ನಿಲ್ಲುತ್ತದೆ. ಶುರು ಮಾಡಿ ಒಂದೆರಡು ಗಂಟೆಯಲ್ಲಿ ಮತ್ತೆ ಎಬಿಜಿ ಆಗಿದೆಯಾ ಅಂತ ಹೊಸ ನರ್ಸುಗಳು ಕೇಳಿ ಖಾತ್ರಿ ಮಾಡಿಕೊಳ್ಳಿ.

ಮಲಗಿಸಬೇಡಿ. ತಲೆ ಕಡೆ 30ರಿಂದ 45 ಡಿಗ್ರಿ ಎತ್ತರ ಇರಲಿ. ಹೊಟ್ಟೆ ಡೊಳ್ಳಿನಂತೆ ಉಬ್ಬಿದರೆ ಗಾಳಿ ಹೊಟ್ಟೆಗೆ ಹೋಗುತ್ತಿದೆ, ಡ್ಯೂಟಿ ಡಾಕ್ಟರಿಗೆ ತಿಳಿಸಿ. ಪಕ್ಕ ಕೂರುವ ಪ್ರತಿಯೊಬ್ಬರಿಗೂ ಮಾಸ್ಕಿನ ಕ್ಲಿಪ್ ಬಿಚ್ಚುವುದನ್ನು ಕಲಿಸಿ, ನೋಡಿದರೆ ಸಾಲದು, ಅವರ ಕೈಯಿಂದಲೇ ಎರಡು ಸಲ ಬಿಚ್ಚಿಸಿ. ವಾಕರಿಕೆ ಬಂತೋ, ಮೊದಲು ಮಾಸ್ಕ್ ತೆಗೆದು ರೋಗಿಯನ್ನು ಪಕ್ಕಕ್ಕೆ ತಿರುಗಿಸಿ, ಆಮೇಲೆ ನಮ್ಮನ್ನು ಕೂಗಿ.

ಊಟಕ್ಕೆ ಮಾಸ್ಕ್ ತೆಗೆಯಬಹುದಾ ಅಂತ ಕೇಳಿಯೇ ತೆಗೆಯಿರಿ. ಆ ಹೊತ್ತಿಗೆ ಮೂಗಿನ ನಳಿಕೆಯಲ್ಲಿ ಆಕ್ಸಿಜನ್ ಬೇಕಾಗಬಹುದು. ಮಂಪರಿನಲ್ಲಿದ್ದರೆ ಒಂದು ಚಮಚ ನೀರೂ ಬೇಡ. ಖಡಕ್ ರೊಟ್ಟಿ ಈಗ ಬೇಡ, ಅಗಿಯುವುದೇ ದಮ್ಮು ತರಿಸುತ್ತದೆ. ನುಚ್ಚು ಮಜ್ಜಿಗೆ, ಹಾಲಿನಲ್ಲಿ ನೆನೆಸಿದ ಮೆತ್ತನೆ ರೊಟ್ಟಿ, ಸ್ವಲ್ಪ ಸ್ವಲ್ಪ, ಐದಾರು ಸಲ. ಗಾಳಿ ಹೊಡೆದು ಬಾಯಿ ಒಣಗಿರುತ್ತದೆ, ಬಿಡುವು ಸಿಕ್ಕಾಗ ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ಕಫ ಕೆಮ್ಮಿ ಉಗುಳಲು ಸಮಯ ಕೊಡಿ.

ಮೆಷಿನ್ ಮನೆಗೆ ಹೋದ ಮೇಲೆ ಬೇರೆ ರಾಮಾಯಣ. ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಟ್ಯಾಂಕಿನ ನೀರಲ್ಲ, ದಿನಾ ಚೆಲ್ಲಿ ಒಣಗಿಸಿ. ಮೆಷಿನ್ ದಿಂಬಿಗಿಂತ ಕೆಳಗಿರಲಿ, ಇಲ್ಲದಿದ್ದರೆ ಪೈಪಿನ ನೀರು ಮುಖಕ್ಕೆ ಬರುತ್ತದೆ. ಆದರೆ ನೆಲದ ಮೇಲೆ ಬೇಡ, ಗದಗಿನ ಕಡೆಯ ಗಾಳಿ ಧೂಳು ಗೊತ್ತಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಮಾಸ್ಕನ್ನು ದಿನಾ ಸೌಮ್ಯ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಆ ಕೋಣೆಯಲ್ಲಿ ಊದುಬತ್ತಿ, ಲೋಬಾನ, ದೀಪ, ಬೀಡಿ ಯಾವುದೂ ಬೇಡ. ಯುಪಿಎಸ್ ಇದ್ದರೆ ಒಳ್ಳೆಯದು. ಇಲ್ಲದೆ ಕರೆಂಟ್ ಹೋದರೆ ಟಾರ್ಚ್ ಹುಡುಕಲು ಹೋಗಬೇಡಿ, ಮೊದಲು ಮಾಸ್ಕ್ ತೆಗೆಯಿರಿ. ಮೆಷಿನ್ ನಿಂತರೆ ರೋಗಿ ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆಯುತ್ತಿರುತ್ತಾರೆ. ಆಕ್ಸಿಜನ್ ಇದ್ದರೆ ಡಾಕ್ಟರ್ ಹೇಳಿದಷ್ಟೇ ಲೀಟರ್ ಮೂಗಿಗೆ ಕೊಟ್ಟು, ನೆಟ್ಟಗೆ ಕೂರಿಸಿ. ತುಟಿ ನೀಲಿಯಾದರೆ, ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಫೋನ್ ಮಾಡಿ, ಗಾಡಿ ಬರುವಷ್ಟರಲ್ಲಿ ಹಳೆಯ ಎಬಿಜಿ ರಿಪೋರ್ಟು ಮತ್ತು ಮಾಸ್ಕ್ ಎರಡನ್ನೂ ಚೀಲಕ್ಕೆ ಹಾಕಿಕೊಳ್ಳಿ.