ಮೈಕ್ರೋಬಯಾಲಜಿಗೆ ಸೇರಿದ್ದೀರಾ? ಮೊದಲು ಕೈ ಪಳಗಲಿ

ಬಿಎಸ್ಸಿ ಮೈಕ್ರೋಬಯಾಲಜಿಗೆ ಸೇರಿದ ಮಕ್ಕಳು ಮೊದಲು ಕೇಳುವುದು, ಯಾವ ಪುಸ್ತಕ ತಗೊಳ್ಳಲಿ ಅಂತ. ಪುಸ್ತಕ ಕಾಲೇಜಿನ ಲೈಬ್ರರಿಯಲ್ಲಿ ಸಿಗುತ್ತದೆ. ಮೊದಲು ಪೂರ್ತಿ ತೋಳಿನ ಏಪ್ರನ್ ತಗೊಳ್ಳಿ, ಅದೂ ಹತ್ತಿ ಬಟ್ಟೆಯದು. ಸಿಂಥೆಟಿಕ್ ಬಟ್ಟೆಗೆ ಬರ್ನರ್ ಬೆಂಕಿ ತಗುಲಿದರೆ ಕರಗಿ ಮೈಗೇ ಅಂಟಿಕೊಳ್ಳುತ್ತದೆ. ಗಾಜಿನ ಮೇಲೆ ಬರೆಯುವ ಮಾರ್ಕರ್ ಒಂದಿರಲಿ. ಆಮೇಲೆ, ಎಂಥ ಮಳೆ ಬಂದರೂ ಪ್ರಾಕ್ಟಿಕಲ್ ತಪ್ಪಿಸುವುದಿಲ್ಲ ಅನ್ನುವ ಹಟ ಬೇಕು.

ನಾನು ಡೊಂಬಿವಲಿಯವಳು. ಮಾಟುಂಗಾ ಕಡೆ ಕಾಲೇಜು ಓದಿದೆ. ಈಗ ನವಿ ಮುಂಬಯಿಯಲ್ಲಿ ಔಷಧ ಕಂಪನಿಯೊಂದರ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬಿನಲ್ಲಿದ್ದೇನೆ. ಹೊಸಬರ ಇಂಟರ್‌ವ್ಯೂಗೆ ನಾನೂ ಕೂರುತ್ತೇನೆ. ಒಳ್ಳೆಯ ಮಾರ್ಕ್ಸ್ ಇರುವ ಮಕ್ಕಳೇ ಬರುತ್ತಾರೆ. ಕೈಗೆ ಲೂಪ್ (ಬ್ಯಾಕ್ಟೀರಿಯಾ ಎತ್ತುವ ತಂತಿ) ಕೊಟ್ಟರೆ ಕೆಂಪಗೆ ಕಾಯಿಸುತ್ತಾರೆ, ಆರುವ ಮೊದಲೇ ಬ್ಯಾಕ್ಟೀರಿಯಾ ಗುಂಪಾಗಿ ಬೆಳೆದ ಕಾಲೊನಿಗೆ ಒತ್ತಿಬಿಡುತ್ತಾರೆ. ಚುಂಯ್ ಅನ್ನುತ್ತದೆ. ಬ್ಯಾಕ್ಟೀರಿಯಾ ಅಲ್ಲೇ ಸತ್ತಿರುತ್ತದೆ. ಹಾಗಾಗಿ ನಾನು ಹೇಳುವುದು ಒಂದೇ: ಈ ಮೂರು ವರ್ಷದಲ್ಲಿ ಲ್ಯಾಬಿನ ಗಂಟೆಗಳನ್ನು ಕಾಪಾಡಿಕೊಳ್ಳಿ. ಉಳಿದದ್ದನ್ನು ಓದಿ ಸರಿಮಾಡಿಕೊಳ್ಳಬಹುದು.

ಕಾಲೇಜು ಆರಿಸುವಾಗಲೂ ಇದನ್ನೇ ನೋಡಿ. ಅಡ್ಮಿಷನ್ ಫಾರ್ಮ್ ತುಂಬುವ ಮೊದಲು ಲ್ಯಾಬ್ ತೋರಿಸಿ ಅಂತ ಕೇಳಿ. ಒಂದು ಮೈಕ್ರೋಸ್ಕೋಪಿಗೆ ಎಷ್ಟು ಮಕ್ಕಳು? ಪ್ರತಿಯೊಬ್ಬರಿಗೂ ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟ್ ಕೊಡುತ್ತಾರಾ, ಗುಂಪಿಗೆ ಒಂದಾ? ಗುಂಪಿಗೆ ಒಂದು ಅಂದರೆ ಒಬ್ಬರು ಮಾಡುತ್ತಾರೆ, ಉಳಿದವರು ಫೋಟೋ ತೆಗೆಯುತ್ತಾರೆ. ಹೊಸ ಶಿಕ್ಷಣ ನೀತಿ ಬಂದ ಮೇಲೆ ಮೂರು ವರ್ಷಕ್ಕೆ ಡಿಗ್ರಿ, ನಾಲ್ಕನೇ ವರ್ಷ ಮಾಡಿದರೆ ಆನರ್ಸ್. ನಾಲ್ಕನೆಯದರ ಚಿಂತೆ ಎಫ್‌ವೈಯಲ್ಲೇ, ಅಂದರೆ ಮೊದಲ ವರ್ಷದಲ್ಲೇ, ಬೇಡ.

ಎಫ್‌ವೈಯಲ್ಲಿ ಗ್ರಾಂ ಸ್ಟೇನಿಂಗ್ ಬರುತ್ತದೆ. ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ನೇರಳೆ ಉಳಿಸಿಕೊಳ್ಳುವ ಗ್ರಾಂ ಪಾಸಿಟಿವ್, ಗುಲಾಬಿಯಾಗುವ ಗ್ರಾಂ ನೆಗೆಟಿವ್ ಅಂತ ಬೇರ್ಪಡಿಸುವುದು ಅದು. 1884ರಲ್ಲಿ ಬಂದ ಪದ್ಧತಿ, ಇವತ್ತಿಗೂ ನನ್ನ ದಿನದ ಕೆಲಸ. ಅದನ್ನು ಸರಿಯಾಗಿ ಕಲಿತರೆ ಅರ್ಧ ಲ್ಯಾಬ್ ಕಲಿತಂತೆ. ಸ್ಲೈಡಿಗೆ ಹಚ್ಚುವ ಸ್ಮಿಯರ್ ತೆಳ್ಳಗಿರಬೇಕು. ಒಣಗಿದ ಮೇಲೆ ಅದರ ಹಿಂದೆ ಪುಸ್ತಕ ಹಿಡಿದರೆ ಅಕ್ಷರ ಓದಲು ಬರಬೇಕು, ಅಷ್ಟು ತೆಳ್ಳಗೆ. ಗಾಳಿಯಲ್ಲೇ ಒಣಗಲಿ, ಅವಸರಕ್ಕೆ ಬೆಂಕಿ ಮೇಲೆ ಹಿಡಿಯಬೇಡಿ. ಒಣಗಿದ ಮೇಲೆ ಎರಡು ಮೂರು ಸಲ ಜ್ವಾಲೆಯ ಮೇಲೆ ಹಾಯಿಸಿದರೆ ಸಾಕು. ಕ್ರಿಸ್ಟಲ್ ವಯಲೆಟ್ ಒಂದು ನಿಮಿಷ, ತೊಳೆಯಿರಿ. ಅಯೋಡಿನ್ ಒಂದು ನಿಮಿಷ, ತೊಳೆಯಿರಿ. ಕಷ್ಟವಿರುವುದು ಆಲ್ಕೋಹಾಲ್ ಹಾಕುವಾಗ. ಅಲ್ಲಿ ಗಡಿಯಾರ ನೋಡಬೇಡಿ, ಸ್ಲೈಡ್ ನೋಡಿ. ಓರೆಯಾಗಿ ಹಿಡಿದು ಹನಿ ಹನಿಯಾಗಿ ಬಿಡಿ. ಇಳಿಯುವ ಹನಿಯಲ್ಲಿ ನೇರಳೆ ಬಣ್ಣ ಬರುವುದು ನಿಂತ ಕ್ಷಣಕ್ಕೇ ನೀರು ಹಾಕಿ. ಸ್ವಲ್ಪ ತಡವಾದರೂ ಗ್ರಾಂ ಪಾಸಿಟಿವ್ ಕೂಡ ಬಣ್ಣ ಬಿಟ್ಟುಬಿಡುತ್ತದೆ, ಕೊನೆಗೆ ಸ್ಯಾಫ್ರನಿನ್ ಹಾಕಿದಾಗ ಗುಲಾಬಿಯಾಗಿ ಕಾಣುತ್ತದೆ. ಹಳೇ ಕಲ್ಚರ್ (ಬೆಳೆಸಿದ ಬ್ಯಾಕ್ಟೀರಿಯಾ) ತಗೊಂಡರೂ ಇದೇ ಗತಿ. 24 ಗಂಟೆಯೊಳಗಿನದು ಕೇಳಿ.

ನನ್ನ ಮೇಡಂ ಹೇಳಿಕೊಟ್ಟ ಅಭ್ಯಾಸವೊಂದಿದೆ. ಅದೇ ಸ್ಲೈಡಿನ ಒಂದು ತುದಿಗೆ ಸ್ಟ್ಯಾಫಿಲೋಕಾಕಸ್, ಇನ್ನೊಂದು ತುದಿಗೆ ಇ. ಕೋಲೈ ಹಚ್ಚಿ, ಮಧ್ಯದಲ್ಲಿ ನಿಮ್ಮ ಕಲ್ಚರ್. ಸ್ಟ್ಯಾಫಿಲೋಕಾಕಸ್ ನೇರಳೆ, ಇ. ಕೋಲೈ ಗುಲಾಬಿ ಬಂದರೆ ಮಾತ್ರ ಮಧ್ಯದ್ದನ್ನು ನಂಬಿ. ನೋಡಿಯಾದ ಮೇಲೆ 100ಎಕ್ಸ್ ಲೆನ್ಸಿನಲ್ಲಿ ನೋಡಲು ಹಾಕಿದ ಎಣ್ಣೆಯನ್ನು ಲೆನ್ಸ್ ಪೇಪರಿನಿಂದ ಒರೆಸಿಯೇ ಏಳಿ. ಮುಂದೆ ಕೂರುವವರ ಕಣ್ಣಿನ ಬಗ್ಗೆಯೂ ಯೋಚಿಸಬೇಕು, ಅಲ್ವಾ?

ಪೆಟ್ರಿ ಪ್ಲೇಟಿನ ಮೇಲೆ ಹೆಸರು, ತಾರೀಕು ಬರೆಯುವುದು ತಳಕ್ಕೆ, ಮುಚ್ಚಳಕ್ಕಲ್ಲ. ಮುಚ್ಚಳ ಅದಲುಬದಲಾದರೆ ನಿಮ್ಮ ಕೆಲಸ ಬೇರೆಯವರ ಹೆಸರಿಗೆ ಹೋಗುತ್ತದೆ. ಇನ್‌ಕ್ಯುಬೇಟರಿನಲ್ಲಿ ಪ್ಲೇಟನ್ನು ಬೋರಲು ಇಡಿ, ಇಲ್ಲದಿದ್ದರೆ ಮುಚ್ಚಳದ ನೀರು ಹನಿದು ಕಾಲೊನಿಗಳೆಲ್ಲ ಕಲಸಿಹೋಗುತ್ತವೆ. ನಮ್ಮ ಮುಂಬಯಿ ಮಳೆಗಾಲದಲ್ಲಿ ಇನ್ನಷ್ಟು ಹುಷಾರಾಗಿರಬೇಕು. ಜುಲೈ ತಿಂಗಳಲ್ಲಿ ಗಾಳಿಯ ತೇವಕ್ಕೆ ಬೂಸ್ಟು ಎಲ್ಲಿ ಬೇಕಾದರೂ ಬರುತ್ತದೆ. ಪ್ಲೇಟನ್ನು ಬರ್ನರ್ ಪಕ್ಕದಲ್ಲೇ ತೆರೆಯಿರಿ, ಫ್ಯಾನ್ ಆರಿಸಿ, ಬೆವರು ಬರಲಿ ಪರವಾಗಿಲ್ಲ. ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್ ಅಂದರೆ ಹೆದರಬೇಡಿ. ಅದು ಮನೆಯ ಕುಕ್ಕರಿನಂತೆಯೇ, ಒಳಗಿನ ಗಾಳಿ ಪೂರ್ತಿ ಹೋದ ಮೇಲೆಯೇ ಒತ್ತಡ ಏರಬೇಕು. 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ. ಒತ್ತಡದ ಮುಳ್ಳು ಸೊನ್ನೆಗೆ ಬರುವ ತನಕ ಮುಚ್ಚಳ ಮುಟ್ಟಬೇಡಿ.

ಲೆಕ್ಕಕ್ಕೆ ಹೆದರಿ ಬಯಾಲಜಿಗೆ ಬಂದವರು ಸ್ಯಾಂಪಲ್ ತೆಳು ಮಾಡುವ ಡೈಲ್ಯೂಷನ್‌ನಲ್ಲಿ ಸಿಕ್ಕಿಬೀಳುತ್ತಾರೆ. ಒಂದು ಉದಾಹರಣೆ ಬಿಡಿಸುತ್ತೇನೆ. ಒಂದು ಮಿಲಿ ಸ್ಯಾಂಪಲ್ಲನ್ನು 9 ಮಿಲಿ ಸಲೈನಿಗೆ ಹಾಕಿದರೆ ಹತ್ತು ಪಟ್ಟು ತೆಳುವಾಯಿತು. ಹೀಗೆ ಐದು ಟ್ಯೂಬ್ ದಾಟಿದರೆ ಒಂದು ಲಕ್ಷ ಪಟ್ಟು. ಐದನೇ ಟ್ಯೂಬಿನಿಂದ 0.1 ಮಿಲಿ ಪ್ಲೇಟಿಗೆ ಹರಡಿದಿರಿ, ಮರುದಿನ 84 ಕಾಲೊನಿ ಬಂತು. 0.1 ಮಿಲಿಗೆ 84 ಅಂದರೆ ಒಂದು ಮಿಲಿಗೆ 840. ಅದನ್ನು ಒಂದು ಲಕ್ಷದಿಂದ ಗುಣಿಸಿ. ಮೂಲ ಸ್ಯಾಂಪಲ್ಲಿನಲ್ಲಿ ಮಿಲಿಗೆ 8.4 ಕೋಟಿ ಬ್ಯಾಕ್ಟೀರಿಯಾ. 30ರಿಂದ 300 ಕಾಲೊನಿ ಇರುವ ಪ್ಲೇಟನ್ನು ಮಾತ್ರ ಎಣಿಸುವುದು ರೂಢಿ. ಸೂತ್ರ ಬಾಯಿಪಾಠ ಮಾಡಬೇಡಿ, ಟ್ಯೂಬುಗಳನ್ನು ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಳ್ಳಿ.

ಜರ್ನಲ್ ಅವತ್ತಿನದ್ದು ಅವತ್ತೇ ಬರೆಯಿರಿ. ಸೆಮಿಸ್ಟರ್ ಕೊನೆಗೆ ಗೆಳತಿಯದ್ದು ನೋಡಿ ಬರೆದರೆ ವೈವಾದಲ್ಲಿ ಬಾಯಿ ಕಟ್ಟುತ್ತದೆ. ಟೆಸ್ಟ್ ನೆಗೆಟಿವ್ ಬಂದರೆ ನೆಗೆಟಿವ್ ಅಂತಲೇ ಬರೆಯಿರಿ, ಯಾಕೆ ಬಂದಿರಬಹುದು ಅಂತ ಒಂದು ಸಾಲು ಸೇರಿಸಿ. ಬೇಕಾದ ರಿಸಲ್ಟ್ ಸುಮ್ನೆ ತುಂಬುವ ಚಾಳಿ ಮಾತ್ರ ಬೇಡವೇ ಬೇಡ. ಔಷಧ ಕಂಪನಿಯಲ್ಲಿ ಅದೇ ಚಾಳಿ ರೋಗಿಯ ಜೀವಕ್ಕೆ ಮುಟ್ಟುತ್ತದೆ. ಒಂದು ಪೇಪರ್ ಕೆಟಿ ಬಂದರೂ, ಅಂದರೆ ಫೇಲಾಗಿ ಉಳಿದರೂ, ಅಳುತ್ತ ಕೂರಬೇಡಿ, ಮುಂದಿನ ಸಲ ಬಿಡಿಸಿಕೊಳ್ಳಬಹುದು.

ಥಿಯರಿಯಲ್ಲಿ ಇಮ್ಯುನಾಲಜಿ ಮತ್ತು ಜೆನೆಟಿಕ್ಸ್ ಎರಡಕ್ಕೂ ಜಾಸ್ತಿ ಸಮಯ ಇಡಿ. ಓದಿದ್ದನ್ನು ಮನೆಯಲ್ಲಿ ಅಮ್ಮನಿಗೆ ಕನ್ನಡದಲ್ಲೇ ಹೇಳಿ. ಅವರು ಎಲ್ಲಿ ತಡೆದು ಕೇಳುತ್ತಾರೋ ಅಲ್ಲೇ ನಿಮಗೂ ಗೊತ್ತಾಗಿಲ್ಲ ಅಂತ ತಿಳಿಯಿರಿ. ಇಡ್ಲಿ ಹಿಟ್ಟು ಮೇ ತಿಂಗಳಲ್ಲಿ ಬೇಗ ಉಬ್ಬಿ ಜನವರಿಯಲ್ಲಿ ಯಾಕೆ ತಡಮಾಡುತ್ತದೆ ಅನ್ನುವುದು ಅಮ್ಮಂದಿರಿಗೆ ಅನುಭವದಿಂದ ಗೊತ್ತು. ಅದನ್ನು ಉಬ್ಬಿಸುವುದರಲ್ಲಿ ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಅನ್ನುವ ಬ್ಯಾಕ್ಟೀರಿಯಾ ಮುಖ್ಯ ಅಂತ ನೀವು ಹೇಳಿ. ಮೇಡಂ ಒಪ್ಪಿದರೆ ಮನೆಯ ಮೊಸರು ಒಯ್ದು, ನೀರಲ್ಲಿ ತೆಳು ಮಾಡಿ ಗ್ರಾಂ ಸ್ಟೇನ್ ಮಾಡಿ. ಮೊದಲ ಸಲ ನೋಡಿದಾಗ ನಾನು ಲೆನ್ಸಿನಿಂದ ಕಣ್ಣು ತೆಗೆದಿರಲಿಲ್ಲ.

ನಮ್ಮ ಊರಿಗೂ ಈ ವಿದ್ಯೆಗೂ ಹಳೇ ನಂಟು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ ವಿಜ್ಞಾನಿ ಹಾಫ್‌ಕಿನ್ ಇಲ್ಲೇ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡರು. ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ಸಾರು) ಮೇಲೆ ತುಪ್ಪದ ಹನಿ ತೇಲಿಸಿ, ಅದಕ್ಕೆ ಜೋತುಬೀಳುವಂತೆ ಪ್ಲೇಗಿನ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದರು. ಪರೇಲಿನ ಹಾಫ್‌ಕಿನ್ ಇನ್‌ಸ್ಟಿಟ್ಯೂಟ್ ಅವರದೇ ಹೆಸರಿನದು.

ಇನ್ನು ಕೆಲಸ. ಔಷಧ, ಡೇರಿ, ನೀರು, ಆಹಾರ, ಎಲ್ಲ ಕಡೆ ಕ್ಯೂಸಿ ಲ್ಯಾಬ್ ಇದೆ. ಪೆಥಾಲಜಿ ಲ್ಯಾಬಿಗೆ ಹೋಗುವ ಮನಸ್ಸಿದ್ದರೆ ಲ್ಯಾಬ್ ಟೆಕ್ನಾಲಜಿಯ ಡಿಪ್ಲೊಮಾ, ಅಂದರೆ ಡಿಎಂಎಲ್‌ಟಿ ಮಾಡಿ, ಆದರೆ ರಿಪೋರ್ಟಿಗೆ ಸಹಿ ಹಾಕುವುದು ಡಾಕ್ಟರೇ ಅನ್ನುವುದು ತಿಳಿದಿರಲಿ. ಸಂಶೋಧನೆಯ ಆಸೆ ಇದ್ದರೆ ಎಂಎಸ್ಸಿ ಮಾಡುವುದು ಒಳ್ಳೆಯದು, ಟಿವೈ (ಮೂರನೇ ವರ್ಷ) ಶುರುವಾಗುವಾಗಲೇ ಎಂಎಸ್ಸಿ ಪ್ರವೇಶ ಪರೀಕ್ಷೆ ಐಐಟಿ ಜಾಮ್‌ನ ಬಯೋಟೆಕ್ನಾಲಜಿ ಪೇಪರಿಗೆ ತಯಾರಿ ಮಾಡಿ. ಎಸ್‌ವೈ (ಎರಡನೇ ವರ್ಷ) ಮುಗಿದ ಮೇ ರಜೆಯಲ್ಲಿ ಊರಿಗೆ ಹೋಗುವ ಟಿಕೆಟ್ಟನ್ನು ಸ್ವಲ್ಪ ಮುಂದಕ್ಕೆ ಹಾಕಿ, ಯಾವುದಾದರೂ ಲ್ಯಾಬಿನಲ್ಲಿ ಕೆಲವು ವಾರ ಕೆಲಸ ಕಲಿಯಿರಿ. ಬಯೋಡೇಟಾದಲ್ಲಿ ಹಾರ್ಡ್ ವರ್ಕಿಂಗ್ ಅಂತೆಲ್ಲ ಬರೆಯಬೇಡಿ. ಯಾವ ಯಾವ ಟೆಸ್ಟನ್ನು ಪೂರ್ತಿ ನಿಮ್ಮ ಕೈಯಾರೆ ಮಾಡಿದ್ದೀರಿ, ಅದನ್ನು ಬರೆಯಿರಿ. ನಾವು ಮೊದಲು ಓದುವುದು ಆ ಸಾಲನ್ನೇ.