ಅನುಮಾನ ರಿಮೋಟ್ ಮೇಲೆ, ತಪ್ಪು ಡಿಕ್ಕಿಯದು

ನಮ್ಮ ಕಾರಿಗೆ ಈಗ 11 ವರ್ಷ. ಹಿಂದಿನ ಬಾಗಿಲು ಮೇಲಕ್ಕೆ ಎದ್ದುಕೊಳ್ಳುವ ಸಣ್ಣ ಹ್ಯಾಚ್‌ಬ್ಯಾಕ್. ಹೋದ ವರ್ಷ ಅದಕ್ಕೊಂದು ಚಾಳಿ ಹತ್ತಿತು. ರಿಮೋಟಿನಲ್ಲಿ ಲಾಕ್ ಒತ್ತಿದರೆ ಬಾಗಿಲುಗಳು ಟಕ್ ಅಂತ ಲಾಕ್ ಆಗುತ್ತಿದ್ದವು. ಕೀ ಜೇಬಿಗೆ ಹಾಕುವಷ್ಟರಲ್ಲಿ ಟಕ್ ಅಂತ ಮತ್ತೆ ತೆರೆದುಕೊಳ್ಳುತ್ತಿದ್ದವು. ಡಿಕ್ಕಿಯನ್ನು ಒಮ್ಮೆ ದಬ್ಬನೆ ಹಾಕಿದರೆ ಎರಡು ದಿನ ಸರಿ. ಆಮೇಲೆ ಮತ್ತೆ ಅದೇ ರಾಗ.

ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ರಿಮೋಟಿನ ಸೆಲ್ ಬದಲಿಸಿದೆ. ಹತ್ತು ದಿನ ಬಿಟ್ಟು ಇನ್ನೊಂದು ಹಾಕಿದೆ. ಸೆಲ್ಲೇ ಕಳಪೆ ಇರಬೇಕು ಅಂತ ಬೈದುಕೊಂಡು ಮೂರನೆಯದನ್ನೂ ತಂದೆ. ಕೊನೆಗೆ ತಪ್ಪು ಸಿಕ್ಕಿದ್ದು ಡಿಕ್ಕಿಯ ಹಿಂಜ್ ಪಕ್ಕದಲ್ಲಿ, ಹೆಬ್ಬೆರಳು ದಪ್ಪದ ರಬ್ಬರ್ ಕೊಳವೆಯೊಳಗೆ. ಅದಕ್ಕೂ ಮೂರು ತಿಂಗಳ ಮೊದಲಿನಿಂದ ನಂಬರ್ ಪ್ಲೇಟ್ ಲೈಟ್ ಮಂಕಾಗಿತ್ತು, ಹಿಂದಿನ ವೈಪರ್ ಕುಂಟುತ್ತಿತ್ತು. ಆಮೇಲೆ ನೋಡಿದರಾಯಿತು ಅಂತ ಸುಮ್ನೆ ಬಿಟ್ಟಿದ್ದೆ. ಸುಳಿವು ಕಣ್ಣೆದುರಿಗೇ ಇತ್ತು ಅಲ್ವಾ!

ಹಾಗಾಗಿ ರಿಮೋಟ್, ಡಿಕ್ಕಿ ಎರಡನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ತಪ್ಪು ಕೀಯದೋ ಕಾರಿನದೋ

ಕಾರಿನ ಜೊತೆ ಬಂದ ಎರಡನೇ ಕೀ ಎಲ್ಲಿದೆ ಹುಡುಕಿ. ಅದರಲ್ಲಿ ಎಲ್ಲ ಸರಿ ಇದ್ದರೆ ತಪ್ಪು ಮೊದಲನೇ ಕೀಯಲ್ಲಿದೆ. ಎರಡೂ ಒಂದೇ ತರಹ ಕೈಕೊಟ್ಟರೆ ಕಾರಿನ ಕಡೆ ನೋಡಬೇಕು. ಎರಡನೇ ಕೀ ವರ್ಷಗಟ್ಟಲೆ ಬೀರುವಿನಲ್ಲಿ ಮಲಗಿದ್ದರೆ ಅದರ ಸೆಲ್ಲೂ ಸತ್ತಿರಬಹುದು. ಹೊಸದು ಹಾಕಿಯೇ ಪರೀಕ್ಷೆ ಮಾಡಿ.

ಇನ್ನೊಂದು ಗುರುತು ಇದಕ್ಕಿಂತ ಸುಲಭ. ಬಟನ್ ಒತ್ತಿದಾಗ ಕಾರು ಏನಾದರೂ ಮಾಡುತ್ತದೆಯಾ? ಲಾಕ್ ಆಗಿ ತೆರೆದುಕೊಂಡರೂ, ಬೀಪ್ ಅಂದು ಸುಮ್ಮನಾದರೂ, ಮೂರು ಬಾಗಿಲು ಲಾಕ್ ಆಗಿ ಒಂದು ಉಳಿದರೂ ರಿಮೋಟಿನ ಮಾತು ಕಾರಿಗೆ ಕೇಳಿಸಿದೆ ಅಂತಲೇ ಅರ್ಥ. ರಿಮೋಟಿನ ಕೆಲಸ ಅಲ್ಲಿಗೆ ಮುಗಿಯಿತು. ನಾನು ಈ ಒಂದು ವಿಷಯ ಯೋಚಿಸಿದ್ದರೆ ಎರಡನೇ ಸೆಲ್ಲನ್ನೂ ಕೊಳ್ಳುತ್ತಿರಲಿಲ್ಲ.

ಯಾವ ಕೀ ಒತ್ತಿದರೂ ಕಾರು ಮಿಸುಕದಿದ್ದರೆ ಕಾರಿನ ದೊಡ್ಡ ಬ್ಯಾಟರಿಯನ್ನೂ ಒಮ್ಮೆ ಅಳೆಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಹತ್ತಿರ ಇರಬೇಕು. 12ಕ್ಕಿಂತ ಕೆಳಗಿದ್ದರೆ ಮೊದಲು ಅದನ್ನು ಚಾರ್ಜ್ ಮಾಡಿ. ಕೀ ಇಗ್ನಿಷನ್‌ನಲ್ಲೇ ಇದ್ದರೆ, ಯಾವುದಾದರೂ ಬಾಗಿಲು ಅರೆಬರೆ ಹಾಕಿದ್ದರೆ ಎಷ್ಟೋ ಕಾರುಗಳು ರಿಮೋಟ್ ಮಾತು ಕೇಳುವುದಿಲ್ಲ. ಅದು ದೋಷ ಅಲ್ಲ.

ರಿಮೋಟ್ ಬಿಚ್ಚುವ ಮುನ್ನ

ಹೆಚ್ಚಿನ ರಿಮೋಟ್‌ಗಳಲ್ಲಿ ಇರುವುದು ಸಿಆರ್2032 ಸೆಲ್. ಆ ಸಂಖ್ಯೆ ಸುಮ್ಮನೆ ಇಟ್ಟದ್ದಲ್ಲ. 20 ಅಂದರೆ 20 ಮಿಲಿಮೀಟರ್ ಅಗಲ, 32 ಅಂದರೆ 3.2 ಮಿಲಿಮೀಟರ್ ದಪ್ಪ. ಸಿಆರ್2025 ಅಷ್ಟೇ ಅಗಲ, ಆದರೆ 2.5 ಮಿಲಿಮೀಟರ್ ದಪ್ಪ. 2032ರ ಜಾಗಕ್ಕೆ 2025 ಕೂತುಕೊಳ್ಳುತ್ತದೆ, ಒಂದೊಂದು ದಿನ ಕೆಲಸವನ್ನೂ ಮಾಡುತ್ತದೆ. ಕೀ ಕೆಳಗೆ ಬಿದ್ದರೆ ಸಂಪರ್ಕ ತಪ್ಪುತ್ತದೆ. ಹಳೇ ಸೆಲ್ಲಿನ ಬೆನ್ನ ಮೇಲೆ ಏನಿದೆಯೋ ಅದನ್ನೇ ತನ್ನಿ.

ಬಿಚ್ಚುವ ಮೊದಲು ಕೆಳಗೊಂದು ಬಿಳಿ ಬಟ್ಟೆ ಹಾಸಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹಳೇ ಕೀಗಳಲ್ಲಿ ಇಮೊಬಿಲೈಜರ್ ಚಿಪ್, ಅಂದರೆ ಸರಿಯಾದ ಕೀ ಅಂತ ಕಾರಿಗೆ ಗುರುತು ಹೇಳಿ ಎಂಜಿನ್ ಸ್ಟಾರ್ಟ್ ಆಗಲು ಬಿಡುವ ಚಿಪ್, ಒಳಗಿನ ಸರ್ಕ್ಯೂಟ್ ಬೋರ್ಡಿಗೆ ಅಂಟಿರುವುದಿಲ್ಲ. ಒಂದು ಮೂಲೆಯಲ್ಲಿ ಬಿಡಿಯಾಗಿ ಕೂತಿರುತ್ತದೆ. ಕಪ್ಪಗೆ, ಬೆರಳಿನ ಉಗುರಿಗಿಂತ ಚಿಕ್ಕದು. ನೋಡಿದರೆ ಮುರಿದ ಪ್ಲಾಸ್ಟಿಕ್ ಚೂರು ಅನ್ನಿಸುತ್ತದೆ. ನನ್ನದು ಟಣ್ ಅಂತ ಹಾರಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹೊಸ ಸೆಲ್ ಹಾಕಿದ ಮೇಲೆ ಬಾಗಿಲು ತೆರೆಯಿತು, ಎಂಜಿನ್ ಮಾತ್ರ ಸ್ಟಾರ್ಟ್ ಆಗಲಿಲ್ಲ. ಮುಕ್ಕಾಲು ಗಂಟೆ ನೆಲ ಗುಡಿಸಿದ ಮೇಲೆ ಮೇಜಿನ ಕಾಲಿನ ಹಿಂದೆ ಸಿಕ್ಕಿತು. ಆ ಚಿಪ್ಪಿಗೆ ಸೆಲ್ ಬೇಕಿಲ್ಲ, ಕಾರೇ ಅದಕ್ಕೆ ಶಕ್ತಿ ಕೊಡುತ್ತದೆ. ರಿಮೋಟ್ ಪೂರ್ತಿ ಸತ್ತರೂ ಎಷ್ಟೋ ಕಾರು ಸ್ಟಾರ್ಟ್ ಆಗುವುದು ಇದರಿಂದಲೇ. ಬಟನ್ ಸ್ಟಾರ್ಟ್ ಇರುವ ಕಾರಿನಲ್ಲಿ ಕೀಯನ್ನು ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿಯಬೇಕು, ಇಲ್ಲವೇ ಕಾರಿನ ಪುಸ್ತಕದಲ್ಲಿ ತೋರಿಸಿದ ಜಾಗದಲ್ಲಿ ಇಡಬೇಕು.

ಸೆಲ್ ಯಾವ ಮುಖ ಮೇಲಾಗಿತ್ತು ಅಂತ ಫೋಟೋ ತೆಗೆದುಕೊಂಡು ಆಮೇಲೆ ಹೊರತೆಗೆಯಿರಿ.

ಈಗ ಅಳತೆ. ಸೆಲ್ಲನ್ನು ಬಿಡಿಯಾಗಿ ಮಲ್ಟಿಮೀಟರ್‌ಗೆ ಹಿಡಿದರೆ ಸಾಯುತ್ತಿರುವ ಸೆಲ್ಲೂ 2.9 ವೋಲ್ಟ್ ತೋರಿಸಿ ನಿಮ್ಮನ್ನು ಯಾಮಾರಿಸುತ್ತದೆ. ಅದರ ಮೇಲೆ ಭಾರ ಬೀಳಬೇಕು, ಅಂದರೆ ಅದರಿಂದ ಕರೆಂಟ್ ಎಳೆಯುತ್ತಿರುವಾಗಲೇ ಅಳೆಯಬೇಕು. ಸೆಲ್ ರಿಮೋಟಿನೊಳಗೇ ಇರಲಿ, ಮೀಟರಿನ ಕಡ್ಡಿಗಳನ್ನು ಅದರ ಎರಡು ತುದಿಗೆ ತಾಗಿಸಿ ಲಾಕ್ ಬಟನ್ ಒತ್ತಿ ಹಿಡಿಯಿರಿ. ಒಳ್ಳೇ ಸೆಲ್ ಚೂರು ಇಳಿದು ನಿಲ್ಲುತ್ತದೆ. ಸುಸ್ತಾದ ಸೆಲ್ ಒತ್ತಿದ ಕೂಡಲೇ ಕುಸಿಯುತ್ತದೆ. ನನ್ನ ಎರಡನೇ ಕೀಯದು 2.9ರಿಂದ ಸೀದಾ 2.2ಕ್ಕೆ ಬಂತು. ಅನ್‌ಲಾಕ್ ಬಟನ್ ಹಿಡಿಯಬೇಡಿ, ಕೆಲವು ಕಾರುಗಳಲ್ಲಿ ಕಿಟಕಿ ಗಾಜುಗಳೆಲ್ಲ ಇಳಿದುಬಿಡುತ್ತವೆ.

ಟಿವಿ ರಿಮೋಟ್ ಪರೀಕ್ಷಿಸುವ ಹಾಗೆ ಫೋನ್ ಕ್ಯಾಮೆರಾದಲ್ಲಿ ನೋಡಿ ಅಂತ ಯಾರಾದರೂ ಹೇಳುತ್ತಾರೆ. ಈಗಿನ ಕಾರ್ ರಿಮೋಟ್‌ಗಳು ಬೆಳಕಲ್ಲ, ರೇಡಿಯೋ ಕಳಿಸುತ್ತವೆ. ಸಾಮಾನ್ಯವಾಗಿ 433.92 ಇಲ್ಲವೇ 315 ಮೆಗಾಹರ್ಟ್ಸ್. ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ.

ಸೆಲ್ ಸರಿ ಇದ್ದು ಒಂದು ಬಟನ್ ಮಾತ್ರ ಸತ್ತಿದ್ದರೆ ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ ನೋಡಿ. ರಬ್ಬರ್ ತೆಗೆದು ಅದನ್ನೇ ನೇರವಾಗಿ ಒತ್ತಿ. ಟಿಕ್ ಅನ್ನದಿದ್ದರೆ ಅದು ಸವೆದಿದೆ. ಟಿಕ್ ಅಂದೂ ಕೆಲಸ ಮಾಡದಿದ್ದರೆ ಬೆಸುಗೆ ಬಿಟ್ಟಿರಬಹುದು. ಭೂತಗನ್ನಡಿಯಲ್ಲಿ ನೋಡಿದರೆ ಕಾಲಿನ ಸುತ್ತ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಸಣ್ಣ ಮೊನೆಯ ಸೋಲ್ಡರಿಂಗ್ ಐರನ್ ಇದ್ದರೆ ಎರಡು ನಿಮಿಷದ ಕೆಲಸ. ನೀರು ಬಿದ್ದ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತಗಿನ ಬ್ರಷ್‌ನಿಂದ ಒರೆಸಿ, ಪೂರ್ತಿ ಒಣಗಿಸಿ ಜೋಡಿಸಿ. ಎಲ್ಲ ಸರಿ ಇದ್ದೂ ಕಾರು ಕೇಳುತ್ತಿಲ್ಲ ಅಂದರೆ ಕೀ ಮತ್ತು ಕಾರಿನ ನಡುವಿನ ಕೋಡ್ ತಪ್ಪಿರಬಹುದು. ಪ್ರತಿ ಸಲ ಒತ್ತಿದಾಗಲೂ ಕೋಡ್ ಮುಂದಕ್ಕೆ ಹೋಗುತ್ತದೆ. ಮಕ್ಕಳು ಮನೆಯಲ್ಲಿ ಕೂತು ನೂರಾರು ಸಲ ಒತ್ತಿದರೆ ಕಾರು ಹಿಂದೆ ಬೀಳುತ್ತದೆ. ಮತ್ತೆ ಹೊಂದಿಸುವ ಕ್ರಮ ಒಂದೊಂದು ಕಾರಿಗೆ ಒಂದೊಂದು ತರಹ. ಪುಸ್ತಕ ನೋಡಿಯೇ ಮಾಡಿ.

ಮಕ್ಕಳ ಮಾತು ಬಂತು ಅಂತ ಹೇಳುತ್ತೇನೆ. ತೆಗೆದ ಸೆಲ್ಲನ್ನು ಮೇಜಿನ ಮೇಲೆ ಬಿಟ್ಟು ಏಳಬೇಡಿ. ಮಗು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು. ಹಳೇ ಸೆಲ್ ಆದರೂ ಅಷ್ಟೇ. ನುಂಗಿದ ಅನುಮಾನ ಬಂದರೆ ಕಾಯದೆ ಸೀದಾ ಆಸ್ಪತ್ರೆಗೆ ಓಡಿ.

ಡಿಕ್ಕಿಯ ರಬ್ಬರ್ ಕೊಳವೆ

ಈಗ ನಿಜವಾದ ಕಳ್ಳನ ಹತ್ತಿರ ಬರೋಣ. ಡಿಕ್ಕಿ ಬಾಗಿಲಿಗೆ ಹೋಗುವ ವೈರುಗಳೆಲ್ಲ ಮೇಲುಗಡೆ ಹಿಂಜ್ ಪಕ್ಕದ ಮಡಿಕೆ ಮಡಿಕೆ ರಬ್ಬರ್ ಕೊಳವೆಯೊಳಗೆ ಸಾಗುತ್ತವೆ. ಬಾಗಿಲು ತೆರೆದಾಗ ಒಮ್ಮೆ, ಹಾಕಿದಾಗ ಒಮ್ಮೆ, ಅದೇ ಜಾಗದಲ್ಲಿ ಬಾಗುತ್ತವೆ. ದಿನಕ್ಕೆ ನಾಲ್ಕು ಸಲ ಅಂತ ಲೆಕ್ಕ ಹಾಕಿ, ಹತ್ತು ವರ್ಷಕ್ಕೆ ಹದಿನಾಲ್ಕು ಸಾವಿರಕ್ಕಿಂತ ಜಾಸ್ತಿ. ತಂತಿಯ ಎಳೆಗಳು ಒಂದೊಂದಾಗಿ ತುಂಡಾಗುತ್ತಾ ಬರುತ್ತವೆ. ಮೇಲಿನ ಪ್ಲಾಸ್ಟಿಕ್ ಕೆಲವೊಮ್ಮೆ ಹಾಗೇ ಇರುತ್ತದೆ, ಒಳಗಿನ ತಾಮ್ರ ಮಾತ್ರ ಹೋಗಿರುತ್ತದೆ.

ಲಕ್ಷಣ ಗುರುತಿಸುವುದು ಕಷ್ಟವಲ್ಲ. ನಂಬರ್ ಪ್ಲೇಟ್ ಲೈಟ್, ಹಿಂದಿನ ವೈಪರ್, ಗಾಜಿನ ಮಂಜು ಬಿಡಿಸುವ ಹೀಟರ್, ಮೇಲಿನ ಬ್ರೇಕ್ ಲೈಟ್, ಕ್ಯಾಮೆರಾ, ಡಿಕ್ಕಿ ಲಾಕ್. ಇವುಗಳಲ್ಲಿ ಎರಡು ಒಟ್ಟಿಗೆ ತೊಂದರೆ ಕೊಟ್ಟರೆ ಬಲ್ಬು, ಮೋಟಾರು ಬಿಚ್ಚಲು ಹೋಗಬೇಡಿ, ಕೊಳವೆ ನೋಡಿ. ವೈಪರ್ ಹಾಕಿದಾಗ ಲೈಟ್ ಮಂಕಾದರೆ ಸಾಮಾನ್ಯವಾಗಿ ಅದು ಅರ್ತಿಂಗ್ ವೈರಿನ, ಅಂದರೆ ಕರೆಂಟನ್ನು ಕಾರಿನ ಬಾಡಿಗೆ ವಾಪಸ್ ಒಯ್ಯುವ ವೈರಿನ ಕಥೆ.

ನಾನು ಹಿಡಿದದ್ದು ಹೀಗೆ. ಸಂಜೆ ಹೊತ್ತು ಪಾರ್ಕಿಂಗ್ ಲೈಟ್ ಹಾಕಿ, ಡಿಕ್ಕಿಯನ್ನು ನಿಧಾನಕ್ಕೆ, ಗೇಣು ಗೇಣಾಗಿ ಎತ್ತಿದೆ. ನಂಬರ್ ಪ್ಲೇಟ್ ಲೈಟ್ ಅರ್ಧಕ್ಕೆ ಬಂದಾಗ ಆರಿತು, ಪೂರ್ತಿ ಎತ್ತಿದಾಗ ಹತ್ತಿತು. ಆಮೇಲೆ ಕೊಳವೆಯನ್ನು ಕೈಯಲ್ಲಿ ಹಿಂಡಿದರೆ ಲೈಟ್ ಮಿಣಮಿಣ ಅಂದಿತು. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

ಇಲ್ಲೂ ಮೀಟರ್ ಯಾಮಾರಿಸುತ್ತದೆ. ಒಂದೇ ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ, ಮೋಟಾರು ಮಾತ್ರ ತಿರುಗುವುದಿಲ್ಲ. ಸೆಲ್ಲಿಗೆ ಹೇಳಿದ್ದೇ ಇದಕ್ಕೂ, ಭಾರ ಹಾಕಿ ನೋಡಬೇಕು. ಬಲ್ಬ್ ಇರುವ ಟೆಸ್ಟ್ ಲ್ಯಾಂಪ್ ವಾಸಿ, ಸಂಶಯದ ವೈರಿನಲ್ಲಿ ಅದು ಮಂಕಾಗಿ ಉರಿಯುತ್ತದೆ.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಡಿಕ್ಕಿಗೆ ಗಟ್ಟಿ ಕೋಲೊಂದನ್ನು ಆನಿಸಿ, ಗ್ಯಾಸ್ ಕಡ್ಡಿಗಳನ್ನೇ ನಂಬಬೇಡಿ. ಕೊಳವೆಯ ಎರಡೂ ತುದಿಗಳು ತಗಡಿನ ತೂತಿಗೆ ಸಿಕ್ಕಿಕೊಂಡಿರುತ್ತವೆ. ಬೆರಳಿನಿಂದ ಸುತ್ತಲೂ ಒತ್ತುತ್ತಾ ಬಿಡಿಸಿ ಸರಿಸಿ. ಕೊಯ್ಯಬೇಡಿ. ನಾನು ಆತುರಕ್ಕೆ ಬ್ಲೇಡ್ ಹಾಕಿ ಸೀಳಿದೆ. ಮೊದಲ ಮಳೆಗೇ ನೀರು ಒಳಗಿಳಿಯಿತು, ಕೊನೆಗೆ ಹೊಸ ರಬ್ಬರೇ ಹಾಕಬೇಕಾಯಿತು.

ಸರಿಸಿ ನೋಡಿದರೆ ನನ್ನದರಲ್ಲಿ ಎರಡು ವೈರು ಹೋಗಿದ್ದವು. ದಪ್ಪ ಕಪ್ಪು ಅರ್ತಿಂಗ್ ವೈರಿನಲ್ಲಿ ನಾಲ್ಕೈದು ಎಳೆ ಉಳಿದಿತ್ತು. ಪಕ್ಕದ ತೆಳು ವೈರಿನ ಪ್ಲಾಸ್ಟಿಕ್ ಸೀಳಿ, ಒಳಗಿನ ತಾಮ್ರ ಹಸಿರುಗಟ್ಟಿ ಕಪ್ಪು ವೈರಿಗೆ ತಾಗುತ್ತಿತ್ತು. ಅದು ಡಿಕ್ಕಿ ಲಾಕಿನೊಳಗಿನ ಸ್ವಿಚ್ಚಿನ ವೈರು. ನಮ್ಮ ಕಾರಿನಲ್ಲಿ ಅದು ಅರ್ತಿಂಗಿಗೆ ತಾಗಿದರೆ 'ಡಿಕ್ಕಿ ತೆರೆದಿದೆ' ಅಂತ ಲೆಕ್ಕ. ಡಿಕ್ಕಿ ತೆರೆದಿದೆ ಅಂದುಕೊಂಡ ಕಾರು ಲಾಕನ್ನು ತಾನೇ ವಾಪಸ್ ತೆಗೆಯುತ್ತಿತ್ತು. ಪಾಪ, ಅದು ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು.

ತುಂಡಾದ ಜಾಗದಲ್ಲೇ ತಿರುಚಿ ಟೇಪ್ ಸುತ್ತುವವರು ತುಂಬಾ ಜನ. ಅದು ತಿಂಗಳು ಬಾಳಿದರೆ ಹೆಚ್ಚು. ಬೆಸುಗೆ ಹಾಕಿದ ಜಾಗ ಕಡ್ಡಿಯಂತೆ ಬಿರುಸಾಗುತ್ತದೆ, ಬಾಗುವ ಜಾಗದಲ್ಲಿ ಇದ್ದರೆ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಬಾಗುವ ಭಾಗವನ್ನು ಪೂರ್ತಿ ತೆಗೆದು ಸಿಲಿಕಾನ್ ಹೊದಿಕೆಯ ಮೆತ್ತನೆ ವೈರು ಹಾಕಿ. ಜೋಡಣೆಗಳು ಕೊಳವೆಯ ಆಚೆ ಈಚೆ, ಅಲುಗಾಡದ ಕಡೆ ಬರಲಿ. ಎಲ್ಲ ಜೋಡಣೆಯೂ ಒಂದೇ ಕಡೆ ಸೇರಿ ಗಂಟಾಗದಂತೆ ಹಿಂದೆ ಮುಂದೆ ಇಡಿ. ಹೊಸ ವೈರು ಹಳೆಯದಕ್ಕಿಂತ ತೆಳ್ಳಗಿರಬಾರದು. ಗಾಜಿನ ಹೀಟರ್ ಮತ್ತು ಅರ್ತಿಂಗ್ ವೈರುಗಳಲ್ಲಿ ಕರೆಂಟ್ ಜಾಸ್ತಿ ಹರಿಯುತ್ತದೆ.

ಒಂದು ವೈರು ಕತ್ತರಿಸಿ, ಅದನ್ನು ಜೋಡಿಸಿ, ಆಮೇಲೆ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಕತ್ತರಿಸಿದರೆ ಒಂದೇ ಬಣ್ಣದ ಎರಡು ವೈರು ಬಂದಾಗ ತಲೆ ಕೆಡುತ್ತದೆ. ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವನ್ನು ಬೆಸುಗೆಗೆ ಮೊದಲೇ ವೈರಿಗೆ ತೂರಿಸಿಡಿ. ನಾನು ಮರೆತು ಮೂರು ಸಲ ಬೆಸುಗೆ ಬಿಚ್ಚಿದ್ದೇನೆ. ಸೋಪಿನ ನೀರು ಸವರಿದರೆ ವೈರುಗಳು ಕೊಳವೆಯೊಳಗೆ ಸುಲಭವಾಗಿ ಜಾರುತ್ತವೆ. ವಾಷರ್ ನೀರಿನ ಪೈಪೂ ಅದರೊಳಗೇ ಇರಬಹುದು, ಅದು ಬಿರಿದಿದೆಯಾ ನೋಡಿ. ಕ್ಯಾಮೆರಾದ ದುಂಡು ಕೇಬಲ್ ಹೋಗಿದ್ದರೆ ತೇಪೆ ಹಾಕಬೇಡಿ, ಬದಲಿಸಿ.

ವೈರು ಸರಿ ಇದ್ದರೆ

ಡಿಕ್ಕಿ ತೆರೆದಿದೆ ಅನ್ನುವ ಚಿತ್ರ ಡ್ಯಾಶ್‌ಬೋರ್ಡಿನಲ್ಲಿ ಸದಾ ಉರಿಯುತ್ತಿದ್ದರೆ ಲಾಕಿನೊಳಗಿನ ಸ್ವಿಚ್ಚೂ ಕಾರಣವಾಗಬಹುದು. ಡಿಕ್ಕಿ ತೆರೆದಿಟ್ಟುಕೊಂಡು ಲಾಕಿನ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಎರಡು ಟಿಕ್ ಕೇಳುವವರೆಗೆ ತಿರುಗಿಸಿ. ಚಿತ್ರ ಆರಿದರೆ ಸ್ವಿಚ್ ಸರಿ ಇದೆ, ಬಾಗಿಲು ಸರಿಯಾಗಿ ಕೂರುತ್ತಿಲ್ಲ. ಆಮೇಲೆ ಡಿಕ್ಕಿ ಬಟನ್ ಒತ್ತಿ ಕೊಂಡಿಯನ್ನು ವಾಪಸ್ ಬಿಡಿಸಿ. ಮರೆತು ದಬ್ಬನೆ ಹಾಕಿದರೆ ಲಾಕ್ ಮುರಿಯುತ್ತದೆ.

ಹೊರಗಿನ ಬಟನ್ನಿನ ರಬ್ಬರ್ ಅಂಟಂಟಾಗಿ ಒಳಗೆ ನೀರು ಹೋಗುವುದು ತೀರಾ ಸಾಮಾನ್ಯ. ಬಟನ್ ಬದಲಿಸಿದರೆ ಆಯಿತು. ಫ್ಯೂಸ್ ಮತ್ತೆ ಮತ್ತೆ ಹೋದರೆ ಎಲ್ಲೋ ವೈರು ತಗಡಿಗೆ ತಾಗುತ್ತಿದೆ ಅಂತ ಅರ್ಥ. 10 ಆಂಪಿಯರ್ ಕೆಂಪು ಫ್ಯೂಸಿನ ಜಾಗಕ್ಕೆ 20ರ ಹಳದಿ ತುರುಕಿದರೆ ಮುಂದಿನ ಸಲ ಸುಡುವುದು ವೈರೇ.

ಡಿಕ್ಕಿ ತೆರೆಯುವುದೇ ಇಲ್ಲವಾ? ಹಿಂದಿನ ಸೀಟು ಮಡಚಿ ಒಳಗೆ ತೂರಿ, ಬಾಗಿಲಿನ ಒಳಮೈಯಲ್ಲಿ ಲಾಕಿನ ನೇರಕ್ಕೆ ನೋಡಿ. ಎಷ್ಟೋ ಕಾರುಗಳಲ್ಲಿ ಅಲ್ಲೊಂದು ಸಣ್ಣ ಮುಚ್ಚಳ ಇಲ್ಲವೇ ಸೀಳು ಇರುತ್ತದೆ. ಒಳಗಿನ ಲಿವರ್ ಸರಿಸಿದರೆ ತೆರೆದುಕೊಳ್ಳುತ್ತದೆ. ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಮೊಣಕೈ ಊರಿಕೊಂಡು ಮಾಡುವ ಕೆಲಸ ಇದು. ಮೈಕೈ ನೋವು ಖಂಡಿತ.

ಚಾವಣಿಯ ಅಂಚಿನ ಪ್ಲಾಸ್ಟಿಕ್ ಬಿಚ್ಚುವಾಗ ಹಳದಿ ಕನೆಕ್ಟರ್ ಕಂಡರೆ ಮುಟ್ಟಬೇಡಿ, ಅದು ಏರ್‌ಬ್ಯಾಗಿನದು. ತಾನೇ ಏಳುವ ಮೋಟಾರ್ ಡಿಕ್ಕಿಯನ್ನೂ ಗೊತ್ತಿರುವವರಿಗೇ ಬಿಡಿ, ಬೆರಳು ಸಿಕ್ಕಿದರೆ ಅದಕ್ಕೆ ಕರುಣೆ ಇಲ್ಲ.

ಎಲ್ಲ ಜೋಡಿಸಿದ ಮೇಲೆ ಪ್ಲಾಸ್ಟಿಕ್ ಹಾಕುವ ಮೊದಲು ಲೈಟ್, ವೈಪರ್ ಎಲ್ಲ ಹಾಕಿಟ್ಟು ಡಿಕ್ಕಿಯನ್ನು ಇಪ್ಪತ್ತು ಸಲ ತೆರೆದು ಮುಚ್ಚಿ. ನಾನು ಮಾಡುವಾಗ ಪಕ್ಕದ ಮನೆಯವರು ಬಂದು 'ಏನು ಕಳೆದುಹೋಯಿತು?' ಅಂತ ಕೇಳಿದರು. ರಿಮೋಟಿನಿಂದ ತೆಗೆದಿಟ್ಟಿದ್ದ ಸೆಲ್ಲುಗಳನ್ನು ಆ ರಾತ್ರಿ ಭಾರ ಹಾಕಿ ಅಳೆದೆ. ಎಲ್ಲವೂ ಚೆನ್ನಾಗೇ ಇದ್ದವು. ಒಂದನ್ನು ಎರಡನೇ ಕೀಗೆ ಹಾಕಿದೆ.